ಹಲ್ಲಿನ ಆರೋಗ್ಯವೂ ನಮ್ಮ ಮನೆಗಳೂ

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ನಾಡು, ನುಡಿ, ಸಾಹಿತ್ಯ, ಸೌಶೀಲ್ಯ ಮೊದಲಾದ ವಿಷಯಗಳಿಗೆ ದೊರೆಯುವ ಮನ್ನಣೆ ಹಲ್ಲಿಗೆ ದೊರೆತುದಿಲ್ಲ. ಕನ್ನಡ ಕಲಿಸುವವರು ಹಲ್ಲಿನ ವಿಚಾರವನ್ನು ಬರೆಯಹೊರಟರೆಂದು ವಾಚಕರು ನಗಲೂಬಹುದು. ಆದರೆ ಅಕ್ಷರ ತಿದ್ದಿಸುವವರಿಗೆ ಹಲ್ಲಿನ ನಂಟು ತಪ್ಪಿದ್ದಲ್ಲ. ತ, ಥ, ದ, ಧ, ನ ಎಂಬ ಐದು ಅಕ್ಷರಗಳನ್ನು ವೈಯಾಕರಣರು ದಂತ್ಯಗಳೆಂದೇ ಕರೆದರು. ವಕಾರಕ್ಕೆ ಹಲ್ಲು ತುಟಿಗಳೆರಡೂ ಬೇಕೆಂದರು. ಎದುರು ಹಲ್ಲುಗಳು ಹುಳುಕಾಗಿ ಮುರಿದುಹೋದ ಹುಡುಗನು ಪದ್ಯ ಓದಲು ಎದ್ದು ನಿಂತಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುವುದನ್ನು ನಾವು ವರ್ಷವೂ ಕಾಣುತ್ತೇವೆ. ಆರೇಳನೆಯ ವಯಸ್ಸಿನಲ್ಲಿ ಹಾಲುಹಲ್ಲು ಉದುರುವುದು ಪ್ರಕೃತಿಧರ್ಮ. ಆ ಬೊಚ್ಚುಬಾಯಿಯ ನಗೆ ಮನೆಗೆ ಶೋಭೆ. ಇಲ್ಲಿ ಹೇಳುತ್ತಿರುವುದು ಅದರ ಮಾತಲ್ಲ.

ಹಲ್ಲುನೋವಿನಿಂದ ಯಾರೂ ಸತ್ತುದಿಲ್ಲವೆಂಬುದು ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತು. ಬಾಯಿಯೆಂಬುದು ದೇಹದಿಂದ ಬೇರೆಯಾದ ಒಂದು ಖಾತೆ, ಅಲ್ಲಿಯ ನಷ್ಟ ಅಲ್ಲಿಗೇ ಮುಗಿಯುತ್ತದೆ ಎಂಬ ಭಾವನೆ ಈ ಮಾತಿನ ಬೆನ್ನಿಗಿದೆ. ವೈದ್ಯಶಾಸ್ತ್ರವು ಇದನ್ನು ಒಪ್ಪುವುದಿಲ್ಲ. ನಾವು ತಿಂದ ಸಕ್ಕರೆಯನ್ನು ಬಾಯೊಳಗಿನ ಸೂಕ್ಷ್ಮಜೀವಿಗಳು ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆ ಆಮ್ಲವು ಹಲ್ಲಿನ ಗಟ್ಟಿಯಾದ ಹೊದಿಕೆಯನ್ನು ಕರಗಿಸುತ್ತದೆ. ವಸಡು ಬಾತು ರಕ್ತ ಒಸರತೊಡಗಿದರೆ ಅದೇ ದಾರಿಯಿಂದ ಸೂಕ್ಷ್ಮಜೀವಿಗಳು ರಕ್ತವನ್ನು ಸೇರುತ್ತವೆ. ಹೃದಯದ ಕವಾಟಗಳು ಮೊದಲೇ ಕೆಟ್ಟಿರುವವರಲ್ಲಿ ಅವು ಆ ಕವಾಟಗಳಿಗೆ ಅಂಟಿಕೊಂಡು ಪ್ರಾಣಾಂತಕವಾದ ಸೋಂಕನ್ನು ತರಬಲ್ಲವು. ಮಧುಮೇಹವುಳ್ಳವರ ವಸಡು ಬೇಗನೆ ಕೆಡುತ್ತದೆ. ವಸಡು ಕೆಟ್ಟವರ ಮಧುಮೇಹ ಹತೋಟಿಗೆ ಬರುವುದು ಕಷ್ಟವಾಗುತ್ತದೆ. ಒಂದು ಇನ್ನೊಂದನ್ನು ದೂಡುವ ಈ ಆಟದಲ್ಲಿ ಸೋಲುವುದು ರೋಗಿಯೇ. ಜಗತ್ತಿನಲ್ಲಿ ಸುಮಾರು 350 ಕೋಟಿ ಜನರಿಗೆ ಬಾಯಿಯ ರೋಗಗಳಿವೆಯೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರ ತನ್ನ ವರದಿಯಲ್ಲಿ ಹೇಳಿದೆ.

ಆದರೆ ಜಗತ್ತಿನ ಲೆಕ್ಕವನ್ನು ಬಿಟ್ಟು ನಮ್ಮ ತರಗತಿಯನ್ನೇ ನೋಡೋಣ. ಒಂದು ಕೆನ್ನೆ ಊದಿಸಿಕೊಂಡು ಬಂದ ಮಗುವಿಗೆ ಹಿಂದಿನ ರಾತ್ರಿ ನಿದ್ದೆಯಿರುವುದಿಲ್ಲ. ಮಧ್ಯಾಹ್ನದ ಖಿಚಡಿಯನ್ನು ಅದು ಒಂದೇ ದವಡೆಯಲ್ಲಿ ನುಂಗುತ್ತದೆ, ಅಥವಾ ಪಕ್ಕದವರಿಗೆ ಕೊಟ್ಟುಬಿಡುತ್ತದೆ. ಅಂದು ಹೇಳಿದ ಸಂಧಿಯಾಗಲಿ ಸಮಾಸವಾಗಲಿ ಅದರ ತಲೆಗೆ ಹತ್ತುವುದಿಲ್ಲ. ಹಾಜರಿಯ ಪುಸ್ತಕದಲ್ಲಿ ‘ಜ್ವರ’ ಎಂದು ಬರೆಯಲ್ಪಡುವ ಗೈರುಹಾಜರಿಗಳಲ್ಲಿ ಹಲ್ಲಿನ ಪಾಲು ಅಲ್ಪವಲ್ಲವೆಂದು ನಮ್ಮ ಅನುಭವ. ಇಲ್ಲಿ ಪಾಲಕರು ತಿಳಿಯಬೇಕಾದ ಒಂದು ಸಂಗತಿಯಿದೆ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಉದುರದೆಯೇ, ಒಂದು ದೊಡ್ಡ ದವಡೆಹಲ್ಲು ಹುಟ್ಟುತ್ತದೆ. ಏನೂ ಉದುರದೆ ಬಂದುದರಿಂದ ಮನೆಯವರು ಇದನ್ನೂ ಹಾಲುಹಲ್ಲೆಂದೇ ಎಣಿಸಿ, ಹುಳುಕಾದರೆ ‘ಹೇಗೂ ಬಿದ್ದುಹೋಗುವುದು, ಮತ್ತೆ ಬರುವುದು’ ಎಂದು ಸುಮ್ಮನಿರುತ್ತಾರೆ. ಅದು ಮತ್ತೆ ಬರುವುದಿಲ್ಲ. ಅರುವತ್ತನೆಯ ವಯಸ್ಸಿನಲ್ಲಿ ಕಡಲೆ ಅಗಿಯಬೇಕಾದದ್ದೂ ಅದೇ ಹಲ್ಲು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇವೆ. ಅದು ಮಿಶ್ರಿಯ ವಿಷಯ. ಮರಾಠಿಯಲ್ಲಿ ಮಶೇರಿಯೆಂದೂ ಇದನ್ನು ಕರೆಯುತ್ತಾರೆ. ತಂಬಾಕಿನ ಎಲೆಯನ್ನು ಕಾದ ಹೆಂಚಿನ ಮೇಲೆ ಕರ್ರಗಾಗುವ ತನಕ ಹುರಿದು, ಪುಡಿಮಾಡಿ, ಡಬ್ಬಿಯಲ್ಲಿ ತುಂಬಿಟ್ಟು, ಬೆಳಗಾಗೆದ್ದು ಬೆರಳಿನಿಂದ ಹಲ್ಲು ವಸಡುಗಳಿಗೆ ತಿಕ್ಕಿಕೊಳ್ಳುವ ಪದ್ಧತಿಯಿದು. ಚಾಳುಗಳಲ್ಲಿಯೂ ಝೋಪಡಿಗಳ ಓಣಿಗಳಲ್ಲಿಯೂ ವಾಸಿಸುವವರಿಗೆ ಅದನ್ನು ಹುರಿಯುವಾಗಿನ ಘಾಟನ್ನು ವರ್ಣಿಸಿ ಹೇಳಬೇಕಾಗಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮ ತಾಯಂದಿರಲ್ಲಿ ಕೆಲವರು ಅದನ್ನು ಊರಿನಿಂದಲೇ ತಂದರು. ಕೆಲವರು ಇಲ್ಲಿಯ ನೆರೆಹೊರೆಯಿಂದ ಕಲಿತರು. ಬೀಡಿ ಸೇದುವುದು ಹೆಣ್ಣಿಗೆ ಅಗೌರವವೆಂದು ತಿಳಿಯುವ ಮನೆಯಲ್ಲಿಯೂ ಮಿಶ್ರಿಗೆ ಅಡ್ಡಿಯಿಲ್ಲ. ಏಕೆಂದರೆ ಅದಕ್ಕೆ ‘ಹಲ್ಲುಪುಡಿ’ ಎಂಬ ಸಭ್ಯವಾದ ಹೆಸರಿದೆ.

ಹೆಸರೇನೇ ಇರಲಿ, ಅದು ತಂಬಾಕು. ಬಾಯೊಳಗಿನ ತೆಳುಪೊರೆಯ ಮೂಲಕ ನಿಕೋಟಿನ್ ರಕ್ತಕ್ಕೆ ಸೇರುತ್ತದೆ. ಮೊದಲು ಹಲ್ಲುನೋವಿಗೆಂದು ಆರಂಭವಾದದ್ದು ಮುಂದೆ ಬೆಳಿಗ್ಗೆ ಒಮ್ಮೆ, ಚಹಾದ ನಂತರ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಲಗುವ ಮುನ್ನ ಒಮ್ಮೆ ಎಂದಾಗುತ್ತದೆ. ಹಲ್ಲು ತಿಕ್ಕಿ ಉಗುಳುವುದು ಹೋಗಿ, ವಸಡಿನ ಮೇಲೆ ಹಾಗೆಯೇ ಇಟ್ಟುಕೊಂಡು ಕುಳಿತಿರುವ ಅಭ್ಯಾಸ ಬೆಳೆಯುತ್ತದೆ. ಬಸಿರಾದಾಗಲೂ ಅದು ತಪ್ಪುವುದಿಲ್ಲ.

ಬಸಿರಿನ ಮಾತನ್ನು ಸುಮ್ಮನೆ ಎತ್ತಿಲ್ಲ. ನಮ್ಮ ಮುಂಬಯಿಯಲ್ಲಿಯೇ 1217 ಮಂದಿ ಗರ್ಭಿಣಿಯರನ್ನು ಹೆರಿಗೆಯವರೆಗೆ ಅನುಸರಿಸಿ ನಡೆಸಿದ ಒಂದು ಅಧ್ಯಯನವು 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೊಗೆಯಿಲ್ಲದ ತಂಬಾಕನ್ನು ಬಳಸುತ್ತಿದ್ದ ತಾಯಂದಿರಲ್ಲಿ ಹೆಚ್ಚಿನವರು ಬಳಸುತ್ತಿದ್ದುದು ಮಿಶ್ರಿಯನ್ನೇ. ತಂಬಾಕು ಬಳಸದ ತಾಯಂದಿರ ಕೂಸುಗಳಿಗೆ ಹೋಲಿಸಿದರೆ ಬಳಸುವವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು. ಅವು ಹುಟ್ಟಿದ್ದೂ ಸರಾಸರಿ ಆರು ದಿನ ಮುಂಚಿತವಾಗಿ. 105 ಗ್ರಾಂ ಎಂದರೆ ಏನು ಮಹಾ, ಒಂದು ಸಾಬೂನಿನ ಬಿಲ್ಲೆಯ ತೂಕವೆನ್ನಬಹುದು. ಎರಡೂವರೆ ಕಿಲೋ ತೂಗಲು ಹೆಣಗುತ್ತಿರುವ ಬಡವರ ಮನೆಯ ಕೂಸಿನಿಂದ ಅಷ್ಟನ್ನು ಕಿತ್ತುಕೊಂಡರೆ ಅದು ಅಲ್ಪವಲ್ಲ. ಹಲ್ಲಿಗೆ ತಿಕ್ಕಿದ್ದು ಹೊಟ್ಟೆಯೊಳಗಿನ ಮಗುವಿಗೆ ಮುಟ್ಟಿತು. ಬಾಯಿ ಬೇರೆ, ದೇಹ ಬೇರೆ ಎನ್ನುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಕೊಡಲು ನಮಗೆ ತಿಳಿಯದು.

ತಂಬಾಕು ಬೆರೆಸಿದ ಹಲ್ಲುಪುಡಿ, ಟೂತ್‌ಪೇಸ್ಟುಗಳನ್ನು ಭಾರತ ಸರಕಾರವು 1992ರಲ್ಲಿಯೇ ನಿಷೇಧಿಸಿತು. ಆದರೆ ಕಾಯಿದೆಯು ಕಾರಖಾನೆಯ ಬಾಗಿಲನ್ನು ಮುಚ್ಚಿಸಬಲ್ಲದು. ಮನೆಯ ಹೆಂಚನ್ನು ಒಲೆಯಿಂದ ಇಳಿಸಲಾರದು. ಆ ಕೆಲಸ ಆಗಬೇಕಾದರೆ ಮನೆಯೊಳಗಿನವರೇ ಆಗಮಾಡಬೇಕು.

ಹೀಗೆಂದು ನಾವು ತಾಯಂದಿರನ್ನು ಹಳಿಯುತ್ತಿದ್ದೇವೆಂದು ಯಾರೂ ತಿಳಿಯಬಾರದು. ನಸುಕಿನಲ್ಲೆದ್ದು, ನೀರು ಹಿಡಿದು, ರೊಟ್ಟಿ ಬಡಿದಿಟ್ಟು, ನಾಕಾದ ಮೇಲೆ ಕೂಲಿಗಾಗಿ ನಿಲ್ಲುವ ಹೆಂಗಸಿಗೆ ಆ ಚಿಟಿಕೆ ಪುಡಿ ಹಸಿವನ್ನೂ ದಣಿವನ್ನೂ ಒಂದು ಗಳಿಗೆ ಮರೆಸುತ್ತದೆ. ಹಸಿವು ಮರೆಸುವುದಕ್ಕೆ ಬದಲಾಗಿ ಏನನ್ನೂ ಕೊಡದೆ ‘ಬಿಡು’ ಎಂದು ಉಪದೇಶಿಸುವುದು ಸುಲಭ. ಕೊರಳಿಗೆ ಬಣ್ಣದ ಪಟ್ಟಿ ಹಾಕಿಕೊಂಡು ಬಂದು, ಒಂದು ಬ್ರಶ್ಶು, ಒಂದು ಪೇಸ್ಟಿನ ಕೊಳವೆ ಹಂಚಿ, ಛಾಯಾಚಿತ್ರ ತೆಗೆಸಿಕೊಂಡು ಹೋಗುವ ಶಿಬಿರಗಳನ್ನು ನಾವು ಸಾಕಷ್ಟು ಕಂಡಿದ್ದೇವೆ. ಕೊಳವೆ ಒಂದು ತಿಂಗಳಲ್ಲಿ ತೀರುತ್ತದೆ, ಡಬ್ಬಿ ಮಾತ್ರ ತೀರುವುದಿಲ್ಲ.

ಇನ್ನೊಂದು ಬಗೆಯ ವಾದಿಗಳಿದ್ದಾರೆ. ನಮ್ಮ ಹಿರಿಯರು ಬೇವಿನ ಕಡ್ಡಿಯಿಂದಲೂ ಇದ್ದಿಲಿನಿಂದಲೂ ಹಲ್ಲುಜ್ಜಿ ಎಂಬತ್ತು ವರ್ಷ ಬಾಳಿದರು, ಬ್ರಶ್ಶು ಪೇಸ್ಟುಗಳೆಲ್ಲ ಪರದೇಶದ ಢಂಗೆಂಬುದು ಅವರ ವಾದ. ಬೇವಿನ ಕಡ್ಡಿಯ ಮೇಲೆ ನಮಗೆ ಗೌರವವಿದೆ. ಆದರೆ ಹಿರಿಯರ ಹಲ್ಲನ್ನು ಉಳಿಸಿದ್ದು ಕಡ್ಡಿಯೊಂದೇ ಅಲ್ಲ, ಅವರ ಊಟ. ಬೆಲ್ಲ ಅವರಿಗೆ ಹಬ್ಬಕ್ಕೊಮ್ಮೆ ದೊರೆಯುತ್ತಿತ್ತು. ಜೋಳದ ರೊಟ್ಟಿ ದಿನವೂ ದವಡೆಗೆ ಕೆಲಸ ಕೊಡುತ್ತಿತ್ತು. ನಮ್ಮ ಮಕ್ಕಳಿಗೋ ಬೆಳಿಗ್ಗೆ ಸಕ್ಕರೆ ಸುರಿದ ಚಹಾ, ಅದರಲ್ಲಿ ಅದ್ದಿದ ಬಿಸ್ಕತ್ತು, ಶಾಲೆಯ ದಾರಿಯಲ್ಲಿ ಒಂದು ರೂಪಾಯಿಯ ಚಾಕಲೇಟು, ಸಂಜೆಗೆ ಮತ್ತೆ ಚಹಾ. ಇಷ್ಟು ಸಿಹಿಯನ್ನು ತಡೆಯಲು ಯಾವ ಬೇವಿಗೂ ಶಕ್ತಿಯಿಲ್ಲ. ಇದ್ದಿಲು, ಇಟ್ಟಿಗೆಪುಡಿಗಳಂತೂ ಹಲ್ಲಿನ ಹೊದಿಕೆಯನ್ನೇ ಸವೆಯಿಸುತ್ತವೆ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಇರುವ ಪೇಸ್ಟಿನಿಂದ ಒಮ್ಮೆ ಉಜ್ಜುವುದು ಅಗ್ಗವಾದ ಉಪಾಯ. ಬಟಾಣಿ ಕಾಳಿನಷ್ಟು ಸಾಕು, ಜಾಹೀರಾತಿನಲ್ಲಿ ತೋರಿಸುವಂತೆ ಬ್ರಶ್ಶಿನ ಉದ್ದಕ್ಕೂ ಬೇಕಿಲ್ಲ.

ಫ್ಲೋರೈಡಿನ ಹೆಸರು ಬಂದುದರಿಂದ ವಿದ್ಯಾರ್ಥಿಗಳಿಗೆ ಒಂದು ಮಾತು. ಕರ್ನಾಟಕದ ಅನೇಕ ಜಿಲ್ಲೆಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಅದು ಲೀಟರಿಗೆ ಒಂದೂವರೆ ಮಿಲಿಗ್ರಾಮಿನ ಮಿತಿಯನ್ನು ಮೀರಿರುತ್ತದೆ. ಎಳೆತನದಲ್ಲಿ ಅಂಥ ನೀರು ಕುಡಿದವರ ಹಲ್ಲುಗಳ ಮೇಲೆ ಕಂದು ಕಲೆಗಳು ನಿಲ್ಲುತ್ತವೆ. ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಅದು ಕೊಳೆಯಲ್ಲ. ಊರಿನಿಂದ ಹೊಸದಾಗಿ ಬಂದ ಸಹಪಾಠಿಯ ಹಲ್ಲು ಕಂಡು ನಗುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಮೇಲಿನ ತರಗತಿಗಳ ಹುಡುಗರ ವಿಷಯದಲ್ಲಿ ನಮ್ಮ ಭಯ ಬೇರೆ. ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟಖಾ ನಿಷೇಧವಾಯಿತು. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಕೂಡದೆಂದು 2003ರ ಕಾಯಿದೆ ಹೇಳುತ್ತದೆ. ಆ ನೂರು ಗಜವನ್ನು ಅಳೆದು ನೋಡಿದವರು ವಿರಳ. ತಂಬಾಕಿಲ್ಲದ ಸುಪಾರಿ ನಿರಪಾಯವೆಂದು ನಂಬಿದವರೂ ಉಂಟು. ಅಡಿಕೆಯೊಂದೇ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ತೀರ್ಮಾನಿಸಿದೆ. ಅಡಿಕೆ ಬೆಳೆಯುವ ಸೀಮೆಯಿಂದ ಬಂದ ಕುಟುಂಬಗಳೂ ನಮ್ಮಲ್ಲಿರುವುದರಿಂದ ಇದು ಕಹಿಯಾದ ಮಾತೆಂದು ಬಲ್ಲೆವು. ಸುಪಾರಿ ಜಗಿಯುವ ಹುಡುಗನ ಕೆನ್ನೆಯ ಒಳಭಾಗ ಮೆಲ್ಲಮೆಲ್ಲನೆ ಗಡುಸಾಗಿ, ಕೊನೆಗೆ ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. 1941ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಯ ಹೊರಗೆ ಕಾಲುದಾರಿಯ ಮೇಲೆ ಮಲಗಿರುವ ಕುಟುಂಬಗಳನ್ನು ನೋಡಿದವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಬಾಯಲ್ಲಿ ಕಂಡರೆ ತಡಮಾಡದೆ ತೋರಿಸಬೇಕು.

ತೋರಿಸುವುದೆಲ್ಲಿ? ಈ ವಿಷಯದಲ್ಲಿ ನಮ್ಮ ನಗರ ಭಾಗ್ಯಶಾಲಿ. ಮುಂಬಯಿ ಸೆಂಟ್ರಲ್ ಬಳಿ ಮಹಾನಗರಪಾಲಿಕೆಯ ನಾಯರ್ ದಂತ ಮಹಾವಿದ್ಯಾಲಯ 1933ರಿಂದಲೂ, ಕೋಟೆ ಭಾಗದಲ್ಲಿ ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿರುವ ಸರಕಾರಿ ದಂತ ಮಹಾವಿದ್ಯಾಲಯ 1945ರಿಂದಲೂ ಇವೆ. ಖಾಸಗಿ ದವಾಖಾನೆಗಳಿಗಿಂತ ಎಷ್ಟೋ ಕಡಿಮೆ ವೆಚ್ಚದಲ್ಲಿ ಅಲ್ಲಿ ಚಿಕಿತ್ಸೆಯಾಗುತ್ತದೆ. ಆದರೂ ನಮ್ಮವರು ಅಲ್ಲಿಗೆ ಹೋಗುವುದು ಮುಖ ಊದಿದ ಮೇಲೆಯೇ. ಕಾರಣ ಅಜ್ಞಾನವಲ್ಲ, ದಿನಗೂಲಿ. ಬೆಳಗಿನ ಸರದಿಯಲ್ಲಿ ನಿಂತರೆ ಅಂದಿನ ಸಂಪಾದನೆ ಹೋಯಿತು. ಒಮ್ಮೆ ಹೋಗಿ ಮುಗಿಯುವ ಕೆಲಸವೂ ಅದಲ್ಲ. ನಾಲ್ಕು ಸಲ ಬರಹೇಳಿದರೆ ನಾಲ್ಕು ದಿನದ ಕೂಲಿ. ಆದುದರಿಂದ ಹಲ್ಲು ತುಂಬಿಸುವ ಬದಲು ಕೀಳಿಸುವುದೇ ಬಡವನಿಗೆ ಲಾಭವಾಗಿ ಕಾಣುತ್ತದೆ.

ಈ ತೊಡಕನ್ನು ಬಿಡಿಸಲು ಶಾಲೆಗೆ ಸಾಧ್ಯವಿದೆಯೆಂದು ನಮ್ಮ ಅಭಿಪ್ರಾಯ. ವರ್ಷಕ್ಕೊಮ್ಮೆ ಸಹಲಿಗಾಗಿ ಮಕ್ಕಳನ್ನು ಕರೆದೊಯ್ಯುವ ನಾವು, ಪಾಲಕರ ಒಪ್ಪಿಗೆಯ ಪತ್ರ ಪಡೆದು, ಅವಧಿಗೊಮ್ಮೆ ಹತ್ತು ಹನ್ನೆರಡು ಮಕ್ಕಳ ತಂಡವನ್ನು ಲೋಕಲ್ ಗಾಡಿಯಲ್ಲಿ ದಂತ ಆಸ್ಪತ್ರೆಗೂ ಕರೆದೊಯ್ಯಬಹುದು. ತಾಯಿತಂದೆಗಳ ಕೂಲಿ ತಪ್ಪದು, ಮಗುವಿನ ಹಲ್ಲು ಉಳಿದೀತು. ಪಾಠಗಳು ಹಿಂದೆ ಬೀಳುವುವೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸಬಹುದು. ನೋಯುವ ಹಲ್ಲಿನ ಮಗುವಿಗೆ ಪಾಠ ಈಗಲೂ ಹಿಂದೆಯೇ ಇದೆ. ಹಾಗೆಯೇ ಪಾಲಕರ ಸಭೆಯನ್ನು ವಾರದ ದಿನದ ಹನ್ನೊಂದು ಗಂಟೆಗೆ ಕರೆದು ತಾಯಂದಿರು ಬರಲಿಲ್ಲವೆಂದು ದೂರುವ ಬದಲು, ಭಾನುವಾರ ಸಂಜೆಗೆ ಕರೆದು ಮಿಶ್ರಿಯ ವಿಷಯವನ್ನು ನಿಧಾನವಾಗಿ, ಅವರ ಮಾತಿನಲ್ಲಿಯೇ ಆಡುವುದು ಲೇಸು.

ನಮ್ಮ ವಿದ್ಯಾರ್ಥಿಗಳ ತಾಯಂದಿರಲ್ಲಿ ಅನೇಕರು ಈ ಸಂಚಿಕೆಯನ್ನು ಓದಲಾರರು. ಆದುದರಿಂದ ಮಿಶ್ರಿಯ ಕುರಿತಾದ ಭಾಗವನ್ನು ಮಕ್ಕಳು ರಾತ್ರಿಯ ಊಟವಾದ ಮೇಲೆ ಗಟ್ಟಿಯಾಗಿ ಓದಿಹೇಳಬೇಕೆಂದು ಕೇಳಿಕೊಳ್ಳುತ್ತೇವೆ. ದಂತ್ಯಾಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸಲಿ. ಅಜ್ಜಿಯು ಸಿಟ್ಟಾದರೆ ಶಾಲೆಯ ಮೇಷ್ಟರೇ ಓದಲು ಹೇಳಿದರೆಂದು ನಮ್ಮ ಹೆಸರು ಹೇಳಲಿ.