ಜಾಲಿ ತೆರವಿಗೆ ಡ್ರಮ್ ಮಲ್ಚರ್: ಕೊಳ್ಳುವ ಮುನ್ನ ಮೂರು ಲೆಕ್ಕ

ಬಯಲುಸೀಮೆಯ ಅನೇಕ ಕೆರೆಗಳಲ್ಲಿ ನೀರಿಗಿಂತ ಬಳ್ಳಾರಿ ಜಾಲಿಯೇ ಹೆಚ್ಚಾಗಿ ಕಾಣಸಿಗುವುದು ಹೊಸ ಸಂಗತಿಯೇನಲ್ಲ. ಅಮೆರಿಕ ಖಂಡ ಮೂಲದ ಈ ಗಿಡ 1870ರ ದಶಕದಲ್ಲಿ ಭಾರತಕ್ಕೆ ಬಂದಿತು. ಒಣಭೂಮಿಗೆ ಹಸಿರು, ಬಡವರ ಒಲೆಗೆ ಸೌದೆ ಎಂಬ ಸದುದ್ದೇಶದಿಂದ ಬೆಳೆಸಿದ ಈ ಗಿಡವೇ ಇಂದು ಬಳ್ಳಾರಿ, ಕೊಪ್ಪಳ, ರಾಯಚೂರು, ಚಿತ್ರದುರ್ಗ, ಕೋಲಾರ ಮುಂತಾದ ಜಿಲ್ಲೆಗಳ ಕೆರೆಯಂಗಳ ಹಾಗೂ ಕಾಲುವೆ ದಂಡೆಗಳನ್ನು ಆಕ್ರಮಿಸಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. 2022ರ ಏಪ್ರಿಲ್‌ನಲ್ಲಿ ಪ್ರತಿ ಜಿಲ್ಲೆಗೆ 75 ಜಲಮೂಲಗಳ ಗುರಿಯೊಂದಿಗೆ ಅಮೃತ ಸರೋವರ ಯೋಜನೆ ಆರಂಭವಾಯಿತು. ಇಂತಹ ಯೋಜನೆಗಳಿಂದಾಗಿ ಕೆರೆಯಂಗಳದ ಜಾಲಿ ತೆರವು ಗುತ್ತಿಗೆದಾರರ ಪಾಲಿಗೆ ಗಮನಾರ್ಹ ವ್ಯವಹಾರವಾಗಿದೆ.

ಈ ಕೆಲಸಕ್ಕೆ ಹೊಂದುವ ಸಾಧನವೆಂದು ಎಕ್ಸ್‌ಕವೇಟರ್ ಮತ್ತು ಸ್ಕಿಡ್ ಸ್ಟೀರ್ ಯಂತ್ರಗಳಿಗೆ ಜೋಡಿಸುವ ಡ್ರಮ್ ಮಲ್ಚರ್‌ನತ್ತ ಉದ್ದಿಮೆದಾರರ ಗಮನ ಹರಿಯುವುದು ಸಹಜ. ಉಕ್ಕಿನ ಉರುಳೆಯೊಂದರ ಮೈತುಂಬ ಹಲ್ಲುಗಳನ್ನು ಕೂರಿಸಿ, ಹೈಡ್ರಾಲಿಕ್ ಮೋಟಾರಿನಿಂದ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗಿಸಿದಾಗ, ನಿಂತ ಗಿಡವೇ ಚೂರುಚೂರಾಗಿ ನೆಲಕ್ಕೆ ಹೊದಿಕೆಯಾಗುತ್ತದೆ. ಕಡಿಯುವುದು, ಎಳೆಯುವುದು, ರಾಶಿ ಹಾಕುವುದು, ಸುಡುವುದು ಎಂಬ ನಾಲ್ಕು ಕೆಲಸಗಳು ಒಂದರಲ್ಲಿಯೇ ಮುಗಿಯುತ್ತವೆ. ನೋಡುವವರಿಗೆ ಇದೊಂದು ಪವಾಡದಂತೆ ತೋರುತ್ತದೆ. ಆದರೆ ಪವಾಡಕ್ಕೂ ಕಂತು ಕಟ್ಟಬೇಕಾಗುತ್ತದೆ. ಆದ್ದರಿಂದ ಬೆಲೆಪಟ್ಟಿಗೆ ಸಹಿ ಹಾಕುವ ಮುನ್ನ ಎಣ್ಣೆಯ ಲೆಕ್ಕ, ಗಂಟೆಯ ಲೆಕ್ಕ ಮತ್ತು ಬೇರಿನ ಲೆಕ್ಕ ಎಂಬ ಮೂರು ಲೆಕ್ಕಗಳನ್ನು ಮಾಡಿಕೊಳ್ಳುವುದು ಅವಶ್ಯ.

ಎಣ್ಣೆಯ ಲೆಕ್ಕ

ಮಲ್ಚರ್‌ಗೆ ಸ್ವಂತ ಎಂಜಿನ್ ಇರುವುದಿಲ್ಲ. ಅದು ಹೊತ್ತೊಯ್ಯುವ ಯಂತ್ರದ ಹೈಡ್ರಾಲಿಕ್ ಎಣ್ಣೆಯ ಬಲದಿಂದ ಮಾತ್ರ ದುಡಿಯುತ್ತದೆ. ಈ ಬಲವನ್ನು ಅಳೆಯುವ ಸೂತ್ರ ಸರಳವಾಗಿದೆ. ಬಾರ್‌ಗಳಲ್ಲಿ ಹೇಳುವ ಒತ್ತಡವನ್ನು ನಿಮಿಷಕ್ಕೆ ಹರಿಯುವ ಲೀಟರ್‌ಗಳಿಂದ ಗುಣಿಸಿ 600ರಿಂದ ಭಾಗಿಸಿದರೆ ಕಿಲೋವ್ಯಾಟ್ ದೊರೆಯುತ್ತದೆ. ಸ್ಕಿಡ್ ಸ್ಟೀರ್ ಒಂದು 200 ಬಾರ್ ಒತ್ತಡದಲ್ಲಿ ನಿಮಿಷಕ್ಕೆ 80 ಲೀಟರ್ ಎಣ್ಣೆ ಕೊಟ್ಟರೆ ಮಲ್ಚರ್‌ಗೆ ಸಿಗುವುದು ಸುಮಾರು 27 ಕಿಲೋವ್ಯಾಟ್, ಅಂದರೆ 36 ಅಶ್ವಶಕ್ತಿ. ಅದೇ ಒತ್ತಡದಲ್ಲಿ 130 ಲೀಟರ್ ಕೊಡುವ ಹೈ ಫ್ಲೋ ಮಾದರಿಯಲ್ಲಿ ಸಿಗುವುದು ಸುಮಾರು 43 ಕಿಲೋವ್ಯಾಟ್, ಅಂದರೆ 58 ಅಶ್ವಶಕ್ತಿ. ಹೊರಗಿನಿಂದ ಎರಡೂ ಯಂತ್ರಗಳು ಒಂದೇ ರೀತಿ ಕಾಣಬಹುದು. ಜಾಲಿಯ ಬೊಡ್ಡೆಯ ಮುಂದೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ.

ಬಲ ಸಾಲದೆ ಉರುಳೆ ನಿಂತಾಗ ಎಣ್ಣೆ ಸುರಕ್ಷಾ ಕವಾಟದ ಮೂಲಕ ಹಾದುಹೋಗುತ್ತದೆ. ಮರ ಕತ್ತರಿಸಬೇಕಾದ ಶಕ್ತಿಯೆಲ್ಲ ಎಣ್ಣೆಯನ್ನು ಕಾಯಿಸುವುದಕ್ಕೆ ವ್ಯಯವಾಗುತ್ತದೆ. ಕಾದ ಎಣ್ಣೆಯಿಂದ ಸೀಲುಗಳು, ಹೋಸುಗಳು ಮತ್ತು ಕೊನೆಗೆ ಪಂಪೇ ಹಾಳಾಗುತ್ತದೆ. ಆಗ ಜೋಡಣೆಯ ಬೆಲೆಗಿಂತ ತಾಯಿಯಂತ್ರದ ದುರಸ್ತಿಯೇ ದುಬಾರಿಯಾಗಿ ಪರಿಣಮಿಸಬಹುದು.

ಜನಸಾಮಾನ್ಯರು ಹಳದಿ ಬಣ್ಣದ ಎಲ್ಲ ಯಂತ್ರಗಳನ್ನೂ 'ಜೆಸಿಬಿ' ಎಂದೇ ಕರೆಯುತ್ತಾರೆ. ಆಡುಮಾತಿನಲ್ಲಿ ಇದರಿಂದ ತೊಂದರೆಯಿಲ್ಲ, ಖರೀದಿಯಲ್ಲಿ ಇದೆ. ಕಲ್ಲು ಒಡೆಯುವ ಬ್ರೇಕರ್ ಈಗಾಗಲೇ ಓಡುತ್ತಿರುವುದರಿಂದ ಮಲ್ಚರ್ ಕೂಡ ಓಡೀತು ಎಂಬ ತರ್ಕ ಸರಿಯಲ್ಲ. ಬ್ರೇಕರ್ ಬಿಟ್ಟುಬಿಟ್ಟು ಬಡಿಯುವ ಸಾಧನ. ಮಲ್ಚರ್ ದಿನವಿಡೀ ನಿರಂತರವಾಗಿ ಎಣ್ಣೆ ಬೇಡುವ ಸಾಧನ. ಅದಕ್ಕೆ ಅಡೆತಡೆಯಿಲ್ಲದ ಮರಳು ಕೊಳವೆ, ಮೋಟಾರಿನ ಸೋರಿಕೆ ಎಣ್ಣೆಯನ್ನು ನೇರವಾಗಿ ಟ್ಯಾಂಕಿಗೆ ಒಯ್ಯುವ ಪ್ರತ್ಯೇಕ ಡ್ರೈನ್ ಕೊಳವೆ ಹಾಗೂ ಸಾಕಷ್ಟು ಸಾಮರ್ಥ್ಯದ ಎಣ್ಣೆ ತಂಪುಕಾರಕ ಬೇಕಾಗುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ತಾಯಿಯಂತ್ರದ ಎಣ್ಣೆಯ ಹರಿವನ್ನು ಮೀಟರಿನಿಂದ ಅಳೆಸಿದ ನಂತರವೇ ಮಲ್ಚರ್‌ನ ಗಾತ್ರವನ್ನು ನಿರ್ಧರಿಸುವುದು ವಿವೇಕ.

ಎರಡು ಬಗೆಯ ಯಂತ್ರಗಳಿಗೂ ಅವುಗಳದೇ ಆದ ಕ್ಷೇತ್ರವಿದೆ. ಸಮತಟ್ಟಾದ, ಗಟ್ಟಿ ನೆಲದಲ್ಲಿ ಮುಂದಕ್ಕೆ ಸಾಗುತ್ತ ಕೆಲಸ ಮಾಡುವ ಸ್ಕಿಡ್ ಸ್ಟೀರ್ ಬೇಗನೆ ವಿಸ್ತಾರ ಮುಗಿಸುತ್ತದೆ. ಆದರೆ ಜಾಲಿಮುಳ್ಳು ಗಾಳಿ ತುಂಬಿದ ಟೈರುಗಳ ಶತ್ರು, ಒದ್ದೆಯಾದ ಕಪ್ಪು ಎರೆಭೂಮಿ ಚಕ್ರಗಳ ಶತ್ರು. ಎಕ್ಸ್‌ಕವೇಟರ್ ನಿಧಾನವಾದರೂ ನಿಂತಲ್ಲಿಂದಲೇ ತೋಳು ಚಾಚಿ ಏರಿಯ ಇಳಿಜಾರು, ಕೋಡಿಯ ಬದಿ, ಕಾಲುವೆಯ ಆಚೆ ದಂಡೆಗಳನ್ನು ತಲುಪಬಲ್ಲದು.

ಗಂಟೆಯ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಲ್ಚರ್‌ಗೆ 20 ಲಕ್ಷ ರೂಪಾಯಿ, ಕೊಳವೆಗಳು ಮತ್ತು ಚಾಲಕನ ಕೋಣೆಯ ರಕ್ಷಣಾ ಕವಚಕ್ಕೆ 2 ಲಕ್ಷ ರೂಪಾಯಿ, ಒಟ್ಟು ಹೂಡಿಕೆ 22 ಲಕ್ಷ ಎಂದಿಟ್ಟುಕೊಳ್ಳೋಣ. ಐದು ವರ್ಷಗಳ ನಂತರ 2 ಲಕ್ಷ ಮರಳಿ ಬಂದರೆ ವರ್ಷಕ್ಕೆ ಸವಕಳಿ 4 ಲಕ್ಷ. ಶೇಕಡಾ 11ರಂತೆ ಮೊದಲ ವರ್ಷದ ಬಡ್ಡಿ 2.42 ಲಕ್ಷ. ಯಂತ್ರ ಓಡಲಿ, ನಿಲ್ಲಲಿ, ಈ 6.42 ಲಕ್ಷ ರೂಪಾಯಿಗಳ ಖರ್ಚು ತಪ್ಪುವುದಿಲ್ಲ.

ವರ್ಷಕ್ಕೆ 1,000 ಗಂಟೆ ದುಡಿದರೆ ಗಂಟೆಗೆ 642 ರೂಪಾಯಿ ಬೀಳುತ್ತದೆ. ಮಾರಾಟಗಾರರು ತೋರಿಸುವುದು ಸಾಮಾನ್ಯವಾಗಿ ಇಂತಹ ಲೆಕ್ಕವನ್ನೇ. ಆದರೆ ಕೆರೆಯಂಗಳ ಒಣಗಿರುವುದು ಫೆಬ್ರವರಿಯಿಂದ ಮೇ ತಿಂಗಳವರೆಗೆ. ನಾಲ್ಕು ತಿಂಗಳು, ತಿಂಗಳಿಗೆ 25 ದಿನ, ದಿನಕ್ಕೆ 6 ಗಂಟೆ ಎಂದರೆ 600 ಗಂಟೆ. ಆಗ ಗಂಟೆಗೆ 1,070 ರೂಪಾಯಿ ಆಗುತ್ತದೆ. ಕಾರ್ಯಾದೇಶ ಬರುವುದು ತಡವಾಗಿ ಏಪ್ರಿಲ್‌ನಲ್ಲಿ ಕೆಲಸ ಆರಂಭವಾದರೆ ಉಳಿಯುವುದು 300 ಗಂಟೆ. ಗಂಟೆಗೆ 2,140 ರೂಪಾಯಿ. ಒಂದು ಎಕರೆಗೆ ನಾಲ್ಕು ಗಂಟೆ ಹಿಡಿಯುವುದಾದರೆ, ಡೀಸೆಲ್, ಚಾಲಕನ ಸಂಬಳ, ತಾಯಿಯಂತ್ರದ ವೆಚ್ಚ ಮತ್ತು ಹಲ್ಲುಗಳ ಸವೆತವನ್ನು ಸೇರಿಸುವ ಮೊದಲೇ ಎಕರೆಯೊಂದರ ಮೇಲೆ 8,560 ರೂಪಾಯಿ ಹೊರೆ ಬಿದ್ದಿರುತ್ತದೆ. ಅದೇ ಯಂತ್ರ, ಅದೇ ಕೆರೆ, ಅದೇ ದರ. ಎರಡು ತಿಂಗಳ ವಿಳಂಬವೊಂದೇ ಲಾಭವನ್ನು ನಷ್ಟವಾಗಿಸಲು ಸಾಕು.

ಹಲ್ಲುಗಳ ಖರ್ಚನ್ನು ಪ್ರತ್ಯೇಕವಾಗಿ ಬರೆದಿಡುವುದು ಸೂಕ್ತ. ಹರಿತವಾದ ಚಾಕು ಮಾದರಿಯ ಹಲ್ಲುಗಳು ವೇಗವಾಗಿ, ನುಣ್ಣಗೆ ಕತ್ತರಿಸುತ್ತವೆ; ಕಲ್ಲು ತಾಗಿದರೆ ಮೊಂಡಾಗುತ್ತವೆ. ಕಾರ್ಬೈಡ್ ತುದಿಯ ಹಲ್ಲುಗಳು ನಿಧಾನವಾದರೂ ಕಲ್ಲುಮಣ್ಣಿನ ಪೆಟ್ಟನ್ನು ತಾಳಿಕೊಳ್ಳುತ್ತವೆ. ಕೆರೆಯಂಗಳದಲ್ಲಿ ಹೂತ ಕಲ್ಲು, ಮುಳ್ಳುತಂತಿ, ಹಳೆಯ ಸೀರೆ, ಪ್ಲಾಸ್ಟಿಕ್ ಚೀಲ ಎಲ್ಲವೂ ಇರುತ್ತವೆ. ಬಟ್ಟೆ ಮತ್ತು ತಂತಿ ಉರುಳೆಗೆ ಸುತ್ತಿಕೊಂಡರೆ ಬೇರಿಂಗ್ ಹಾಳಾಗುವುದು ಖಚಿತ. ಕೆಲಸಕ್ಕೆ ಮುಂಚೆ ಇಬ್ಬರು ಆಳುಗಳು ಜಾಗವನ್ನು ನಡೆದು ನೋಡುವ ಕೂಲಿ ವ್ಯರ್ಥವಲ್ಲ.

ತೆರಿಗೆಯ ದೃಷ್ಟಿಯಿಂದ ಎರಡು ವಿಷಯಗಳು ಗಮನಾರ್ಹ. ಮೊದಲನೆಯದು, ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ಶೇಕಡಾ 15. ಕೊಂಡ ವರ್ಷದಲ್ಲಿ ಬಳಕೆ 180 ದಿನಗಳಿಗಿಂತ ಕಡಿಮೆಯಾದರೆ ಅದರ ಅರ್ಧ ಮಾತ್ರ ದೊರೆಯುತ್ತದೆ. ಬೇಸಿಗೆಯ ಕೆಲಸಕ್ಕೆಂದು ಜನವರಿಯಲ್ಲಿ ಕೊಳ್ಳುವವರಿಗೆ ಇದು ಅನ್ವಯಿಸುತ್ತದೆ. ಎರಡನೆಯದು ಹೆಚ್ಚು ಮುಖ್ಯವಾದುದು. ಮೇಲಿನ ಉದಾಹರಣೆಯಲ್ಲಿ ಜಿಎಸ್‌ಟಿಯನ್ನು ಸೇರಿಸಿಲ್ಲ, ಅದರ ಜಮೆ ಸಿಗುತ್ತದೆಂದು ಭಾವಿಸಲಾಗಿದೆ. ಆದರೆ ಸಾಮಗ್ರಿಯ ಪೂರೈಕೆಯಿಲ್ಲದ ಶುದ್ಧ ಸೇವೆಯನ್ನು ಪಂಚಾಯತ್ ಕಾರ್ಯಗಳಿಗೆ ಸಂಬಂಧಿಸಿದಂತೆ ಸರ್ಕಾರಕ್ಕಾಗಲಿ ಸ್ಥಳೀಯ ಸಂಸ್ಥೆಗಾಗಲಿ ಸಲ್ಲಿಸಿದಾಗ ಅದು ತೆರಿಗೆ ವಿನಾಯಿತಿಗೆ ಒಳಪಡಬಹುದು. ಸಣ್ಣ ನೀರಾವರಿ ಮತ್ತು ಜಲ ನಿರ್ವಹಣೆ ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿಯೇ ಇವೆ. ಯಂತ್ರವನ್ನು ಇಂತಹ ವಿನಾಯಿತಿಯ ಕೆಲಸಕ್ಕೆ ಮಾತ್ರ ಬಳಸಿದರೆ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯ ಜಮೆ ಸಿಗದು; ಆ ಮೊತ್ತವೂ ಯಂತ್ರದ ವೆಚ್ಚವೇ ಆಗುತ್ತದೆ. 'ತೆರಿಗೆ ಇಲ್ಲ' ಎಂಬ ಮಾತಿಗೆ ಸಂತೋಷಪಟ್ಟು ದರ ಇಳಿಸಿದವರು ವರ್ಷಾಂತ್ಯದಲ್ಲಿ ಪೇಚಿಗೆ ಸಿಲುಕುವುದು ಇಲ್ಲಿಯೇ.

ಬೇರಿನ ಲೆಕ್ಕ

ಮೂರನೆಯ ಲೆಕ್ಕವನ್ನು ಬಹುಮಂದಿ ಮಾಡುವುದೇ ಇಲ್ಲ. ಡ್ರಮ್ ಮಲ್ಚರ್ ಮುಖ್ಯವಾಗಿ ನೆಲಮಟ್ಟದವರೆಗೆ ಕೆಲಸ ಮಾಡುವ ಸಾಧನ. ಬಳ್ಳಾರಿ ಜಾಲಿ ಮತ್ತೆ ಚಿಗುರುವುದು ನೆಲಮಟ್ಟದ ಕೆಳಗೆ, ಬೇರು ಕಾಂಡವನ್ನು ಸೇರುವ ಭಾಗದಲ್ಲಿರುವ ಮೊಗ್ಗುಗಳಿಂದ. ಆ ಭಾಗವನ್ನು ಕಿತ್ತು ತೆಗೆಯದೆ ಮೇಲಿನದನ್ನು ಮಾತ್ರ ಪುಡಿ ಮಾಡಿದರೆ, ಮೊದಲ ಮಳೆಗೆ ಒಂದು ಬುಡದಿಂದ ಹತ್ತಾರು ಚಿಗುರುಗಳು ಏಳುತ್ತವೆ. ಏಪ್ರಿಲ್‌ನಲ್ಲಿ ಮೈದಾನದಂತೆ ಕಂಡ ಕೆರೆ ಆಗಸ್ಟ್‌ನಲ್ಲಿ ಮತ್ತೆ ಹಸಿರುಮುಳ್ಳಿನ ಹಾಸಾಗುತ್ತದೆ. ಕಾಯಿ ಮಾಗಿದ ಮೇಲೆ ಮಲ್ಚರ್ ಹಾಯಿಸಿದರಂತೂ ಬೀಜಗಳು ಅಂಗಳದ ತುಂಬ ಹರಡುತ್ತವೆ.

ಇದರ ಆರ್ಥಿಕ ಪರಿಣಾಮ ಗುತ್ತಿಗೆದಾರನ ಮೇಲೆಯೇ ಬೀಳುತ್ತದೆ. ಟೆಂಡರಿನಲ್ಲಿ 'ಜಂಗಲ್ ಕಟಿಂಗ್' ಅಥವಾ 'ಸಂಪೂರ್ಣ ತೆರವು' ಎಂಬ ಒಂದೇ ಸಾಲು ಇದ್ದರೆ, ಚಿಗುರು ಕಂಡ ಅಧಿಕಾರಿ ಕೆಲಸ ಅಪೂರ್ಣವೆನ್ನುತ್ತಾರೆ. ಭದ್ರತಾ ಠೇವಣಿ ನಿಂತುಹೋಗುತ್ತದೆ. ಗುತ್ತಿಗೆದಾರ ಯಂತ್ರ ಸರಿಯಾಗಿ ಓಡಿತ್ತೆಂದು ವಾದಿಸುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ, ದೋಷ ಇರುವುದು ಆ ಒಂದು ಸಾಲಿನಲ್ಲಿ. ಸಣ್ಣ ಬಂಡವಾಳದ ಉದ್ದಿಮೆದಾರನೊಬ್ಬ ಮುಳುಗಲು ಇಂತಹ ಒಂದು ಠೇವಣಿ, ಅದರ ಮೇಲೆ ಎರಡು ಕಂತುಗಳ ಬಾಕಿ ಸಾಕು.

ಆದ್ದರಿಂದ ಕೆಲಸವನ್ನು ಮೂರು ಹಂತಗಳಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಬೇರೆ ದರ ನಮೂದಿಸುವುದು ಉಭಯತ್ರರಿಗೂ ಹಿತಕರ. ಮೊದಲ ಹಂತದಲ್ಲಿ ದಪ್ಪ ಕಾಂಡಗಳನ್ನು ಸೌದೆ ಮತ್ತು ಇದ್ದಿಲಿಗೆ ಕಡಿಸಿ ಸಾಗಿಸಬೇಕು. ಜಾಲಿ ಒಳ್ಳೆಯ ಶಾಖ ಕೊಡುವ ಕಟ್ಟಿಗೆ. ಬಯಲುಸೀಮೆಯ ಅನೇಕ ಬಡ ಕುಟುಂಬಗಳಿಗೆ ಅದು ಜೀವನಾಧಾರ. ಹಣವಾಗಬಲ್ಲ ಮರವನ್ನು ಹಣ ಕೊಟ್ಟು ಪುಡಿ ಮಾಡಿಸುವುದು ಯಾವ ಲೆಕ್ಕಕ್ಕೂ ಕೂಡದು. ಎರಡನೇ ಹಂತದಲ್ಲಿ ಉಳಿದ ಮುಳ್ಳುಪೊದೆ ಮತ್ತು ಸಣ್ಣ ಕಾಂಡಗಳಿಗೆ ಮಲ್ಚರ್. ಅದರ ನಿಜವಾದ ಸಾಮರ್ಥ್ಯ ಇರುವುದು ಇಲ್ಲಿಯೇ. ಮೂರನೇ ಹಂತದಲ್ಲಿ ಬಕೆಟ್ ಜೋಡಿಸಿ ಬುಡಗಳನ್ನು ಬೇರುಸಹಿತ ಕೀಳುವುದು. ಎಕ್ಸ್‌ಕವೇಟರ್ ಇದ್ದವರಿಗೆ ಎರಡನೆಯ ಮತ್ತು ಮೂರನೆಯ ಹಂತ ಒಂದೇ ಯಂತ್ರದಲ್ಲಿ ಆಗುತ್ತದೆ ಎಂಬುದು ಅದರ ದೊಡ್ಡ ಅನುಕೂಲ. ಮಲ್ಚರ್ ಉದುರಿಸಿದ ಚೂರುಗಳನ್ನು ಅಂಗಳದಲ್ಲಿಯೇ ಬಿಟ್ಟರೆ ನೀರು ಬಂದಾಗ ತೇಲಿ ತೂಬಿನ ಬಾಯಿಗೆ ಸೇರುವ ಅಪಾಯವಿದೆ. ತೂಬಿನ ಸುತ್ತಣ ಭಾಗವನ್ನಾದರೂ ಗುಡಿಸಿ ಹೊರಸಾಗಿಸುವ ಷರತ್ತು ಇರಬೇಕು.

ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದೂ ಸ್ಪಷ್ಟವಿರಬೇಕು. ಸಾಮಾನ್ಯವಾಗಿ 40 ಹೆಕ್ಟೇರ್‌ವರೆಗಿನ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ವ್ಯವಸ್ಥೆಗೂ, 40ರಿಂದ 2,000 ಹೆಕ್ಟೇರ್ ಅಚ್ಚುಕಟ್ಟಿನವು ಸಣ್ಣ ನೀರಾವರಿ ಇಲಾಖೆಗೂ ಸೇರುತ್ತವೆ. ಮರ ಕಡಿಯುವ ಅನುಮತಿ ಪಡೆಯುವುದು ಯಾರ ಹೊಣೆ, ಸೌದೆಯ ಹಣ ಯಾರದು ಎಂಬುದನ್ನು ಕರಾರಿನಲ್ಲಿ ಬರೆಯಿಸಿಕೊಳ್ಳದೆ ಯಂತ್ರ ಇಳಿಸಬಾರದು.

ಸುರಕ್ಷತೆಯೂ ವೆಚ್ಚದ ಬಾಬತ್ತೇ

ಮಲ್ಚರ್‌ನ ಹಲ್ಲಿಗೆ ಸಿಕ್ಕಿದ ಕಲ್ಲು ಗುಂಡಿನಂತೆ ಹಾರುತ್ತದೆ. ಹಲವು ತಯಾರಕರ ಕೈಪಿಡಿಗಳು ಸುಮಾರು 90 ಮೀಟರ್ ಸುತ್ತಳತೆಯಲ್ಲಿ ಯಾರೂ ಇರಬಾರದೆಂದು ಎಚ್ಚರಿಸುತ್ತವೆ. ನಮ್ಮ ಕೆರೆಯಂಗಳಗಳು ನಿರ್ಜನವಲ್ಲ. ದನ ಮೇಯಿಸುವವರು, ಪುಳ್ಳೆ ಆಯುವ ಹೆಂಗಸರು, ಯಂತ್ರ ನೋಡಲು ಬರುವ ಮಕ್ಕಳು ಇರುತ್ತಾರೆ. ಕಾವಲಿಗೆ ಆಳು, ಚಾಲಕನ ಮುಂದೆ ದಪ್ಪ ಪಾಲಿಕಾರ್ಬೊನೇಟ್ ಗಾಜು, ಒಣ ಪುಡಿ ಎಂಜಿನ್ ಬಳಿ ಸೇರಿ ಬೆಂಕಿ ಹೊತ್ತದಂತೆ ನಿತ್ಯ ಶುಚಿಗೊಳಿಸುವಿಕೆ, ವಿಮಾ ಪಾಲಿಸಿಯಲ್ಲಿ ಮಲ್ಚರ್‌ನ ಉಲ್ಲೇಖ ಮತ್ತು ಮೂರನೇ ವ್ಯಕ್ತಿಯ ಹಾನಿಗೆ ರಕ್ಷಣೆ ಇವೆಲ್ಲವನ್ನೂ ದರದಲ್ಲಿಯೇ ಸೇರಿಸಬೇಕು. ಇವುಗಳನ್ನು ಬಿಟ್ಟು ಕಡಿಮೆ ದರ ಹಾಕುವವನು ಸ್ಪರ್ಧೆಯಲ್ಲಿ ಗೆದ್ದಂತೆ ಕಂಡರೂ ಬೇರೊಬ್ಬರ ಜೀವವನ್ನು ಪಣಕ್ಕೆ ಒಡ್ಡಿರುತ್ತಾನೆ.

ಸಣ್ಣ ಕೈಗಾರಿಕೆಗಳಿಗೆ ಅವಕಾಶ

ಈ ಸಾಧನದಲ್ಲಿ ಸ್ಥಳೀಯ ಉತ್ಪಾದಕರಿಗೂ ಪಾಲಿದೆ. ಧಾರವಾಡದಲ್ಲಿ ಎಕ್ಸ್‌ಕವೇಟರ್ ತಯಾರಾಗುತ್ತದೆ, ಕೆ.ಜಿ.ಎಫ್.ನಲ್ಲಿ ಬಿಇಎಂಎಲ್ ಇದೆ; ಬೆಳಗಾವಿ, ಶಿವಮೊಗ್ಗಗಳಲ್ಲಿ ಎರಕದ ಘಟಕಗಳಿವೆ, ಪೀಣ್ಯದಲ್ಲಿ ಯಂತ್ರಭಾಗಗಳ ಕಾರ್ಯಾಗಾರಗಳಿವೆ. ಇಡೀ ಮಲ್ಚರ್ ತಯಾರಿಸುವ ಆತುರಕ್ಕಿಂತ ಮೊದಲು ಹಲ್ಲು, ಹಲ್ಲಿನ ಹಿಡಿ, ಬೋಲ್ಟು, ರಕ್ಷಣಾ ಕವಚಗಳಿಂದ ಆರಂಭಿಸುವುದು ಕ್ಷೇಮ. ಬದಲಿ ಹಲ್ಲಿಗಾಗಿ ಯಂತ್ರವೊಂದು ಹದಿನೈದು ದಿನ ನಿಂತರೆ ನಾಲ್ಕು ತಿಂಗಳ ಋತುವಿನ ಎಂಟನೇ ಒಂದು ಭಾಗ ಹೋದಂತೆ. ಅದನ್ನು ಮರುದಿನವೇ ಒದಗಿಸಬಲ್ಲವನಿಗೆ ಗಿರಾಕಿ ತಾನಾಗಿ ಬರುತ್ತಾನೆ. ಆದರೆ ಅಂತಹ ವೇಗದಲ್ಲಿ ತಿರುಗುವ ಉರುಳೆಯಲ್ಲಿ ಒಂದು ಹಲ್ಲಿನ ತೂಕ ಏರುಪೇರಾದರೂ ಕಂಪನ ಉಂಟಾಗಿ ಬೇರಿಂಗ್ ಕೆಡುತ್ತದೆ. ತೂಕದ ನಿಖರತೆ ಮತ್ತು ಉಕ್ಕಿನ ಹದ ಎರಡರಲ್ಲಿಯೂ ರಾಜಿ ಸಲ್ಲದು.

ಒಟ್ಟಿನಲ್ಲಿ ಡ್ರಮ್ ಮಲ್ಚರ್ ಉಪಯುಕ್ತ ಸಾಧನವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಅರ್ಧ ಕೆಲಸದ ಸಾಧನ. ಒಂದು ಬೇಸಿಗೆ ಬಾಡಿಗೆಗೆ ತಂದು, ಒಂದು ಎಕರೆಯಲ್ಲಿ ಪ್ರಯೋಗ ಮಾಡಿ, ಓಡಿದ ಗಂಟೆ, ಸುಟ್ಟ ಡೀಸೆಲ್, ಸವೆದ ಹಲ್ಲು ಮೂರನ್ನೂ ಪುಸ್ತಕದಲ್ಲಿ ಬರೆದಿಟ್ಟವರಿಗೆ ಕೊಳ್ಳಬೇಕೋ ಬೇಡವೋ ಎಂಬುದಕ್ಕೆ ಉತ್ತರ ಆ ಪುಸ್ತಕದಲ್ಲಿಯೇ ದೊರೆಯುತ್ತದೆ. ತೆರವು ಎಂದರೆ ಬೇರು ಸೇರಿಯೋ ಬಿಟ್ಟೋ ಎಂಬುದನ್ನು ಟೆಂಡರಿನಲ್ಲಿ ಸ್ಪಷ್ಟವಾಗಿ ಬರೆಯುವಂತೆ ವಾಣಿಜ್ಯ ಮಂಡಳಿಗಳು ಇಲಾಖೆಗಳನ್ನು ಒತ್ತಾಯಿಸಬೇಕು. ಆ ಒಂದು ಪದ ಸೇರಿದರೆ ಗುತ್ತಿಗೆದಾರನ ಠೇವಣಿಯೂ ಉಳಿದೀತು, ಊರಿನ ಕೆರೆಯೂ ಉಳಿದೀತು.