ತೊದಲುವ ಯಂತ್ರವೂ ಅಳೆಯುವ ಬುದ್ಧಿಯೂ

ಆಷಾಢ ಮಾಸದಲ್ಲಿ ಚಾಮರಾಜನಗರದಲ್ಲಿ ನಡೆಯುವ ಚಾಮರಾಜೇಶ್ವರಸ್ವಾಮಿಯ ರಥೋತ್ಸವವನ್ನು ಈ ಭಾಗದ ವಾಚಕರಲ್ಲಿ ಅನೇಕರು ನೋಡಿರಬಹುದು. ನೋಡದವರೂ ತಮ್ಮೂರಿನ ತೇರನ್ನು ನೆನೆದುಕೊಂಡರೆ ಸಾಕು. ಜನರು ಹಗ್ಗ ಹಿಡಿದು ಎಳೆಯುತ್ತಾರೆ, ತೇರು ಅಲುಗುವುದಿಲ್ಲ. ಇನ್ನಷ್ಟು ಕೈಗಳು ಸೇರುತ್ತವೆ. ತೇರು ಒಮ್ಮೆಗೇ ಮುಂದಕ್ಕೆ ಜಗ್ಗಿ, ನಾಲ್ಕಾರು ಗಜ ಉರುಳಿ, ಮತ್ತೆ ನಿಲ್ಲುತ್ತದೆ. ಬೀದಿಯ ಉದ್ದವನ್ನು ಹಿಡಿದ ಕಾಲದಿಂದ ಭಾಗಿಸಿದರೆ ತೇರಿನ ಸರಾಸರಿ ವೇಗವೇನೋ ದೊರೆಯುವುದು. ಆದರೆ ಆ ಒಂದು ಸಂಖ್ಯೆಯನ್ನು ಮಾತ್ರ ಕೇಳಿದವನಿಗೆ ತೇರು ಎಲ್ಲಿ ಜಗ್ಗಿತು, ಎಲ್ಲಿ ನಿಂತಿತು ಎಂಬುದು ತಿಳಿಯುವ ಬಗೆಯಿಲ್ಲ. ತೇರಿನ ಮೇಲೆ ಕುಳಿತವರಿಗಾದರೋ ನೆನಪಿರುವುದು ಜಗ್ಗಿದ್ದೇ ಹೊರತು ಸರಾಸರಿಯಲ್ಲ.

ನಮಗೆ ಈ ಮಾತು ನೆನಪಾದದ್ದು ಒಂದು ಕಂಪ್ಯೂಟರಿನ ಮುಂದೆ ಕುಳಿತಾಗ. ದಿವ್ಯಲಿಂಗೇಶ್ವರ ದೇವಾಲಯದಿಂದ ಹೆಸರಾದ ಹರದನಹಳ್ಳಿಯಿಂದ ಬರುವ ನಮ್ಮ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ಕೊಠಡಿಗೆ ಬಂದು, ಸಂಕೋಚದಿಂದಲೇ ಒಂದು ವಿಷಯವನ್ನು ಹೇಳಿದನು. ಅವನಲ್ಲಿ ಹಳೆಯ ಭಾಗಗಳನ್ನು ಕೂಡಿಸಿ ಕಟ್ಟಿದ ಒಂದು ಕಂಪ್ಯೂಟರ್ ಉಂಟು. ಹಗಲು ಪ್ರೋಗ್ರಾಮಿಂಗ್ ಕಲಿಯಲಿಕ್ಕೂ ಸಂಜೆ ಗೇಮ್ ಆಡಲಿಕ್ಕೂ ಅದೇ ಯಂತ್ರ. ಈಚೆಗೆ ಗೇಮ್ ಆಡುವಾಗ ಚಿತ್ರವು ತೊದಲತೊಡಗಿತ್ತು: ಸರಾಗವಾಗಿ ಓಡುತ್ತಿರುವಂತೆಯೇ ಗಕ್ಕನೆ ನಿಂತು, ಮತ್ತೆ ಜಿಗಿಯುವುದು. ಅಂಗಡಿಯವರೊಬ್ಬರು ಯಂತ್ರವನ್ನು ಬಿಚ್ಚದೆಯೇ, ಅಳೆಯದೆಯೇ, ಗ್ರಾಫಿಕ್ಸ್ ಕಾರ್ಡ್ ಹಳತಾಯಿತೆಂದೂ 30,000 ರೂಪಾಯಿಯ ಹೊಸ ಕಾರ್ಡ್ ಹಾಕಿದರೆ ಸರಿಹೋಗುವುದೆಂದೂ ಹೇಳಿದ್ದರು. ಮನೆಯಲ್ಲಿ ಅರಿಸಿನ ಮಾರಿದ ಹಣವಿತ್ತು. ಅದನ್ನು ಕೇಳಬಹುದೇ ಎಂಬುದು ಅವನ ಪ್ರಶ್ನೆ.

ಅಂಗಡಿಯವರು ಸುಳ್ಳಾಡಿದರೆಂದು ನಾವು ಹೇಳುವುದಿಲ್ಲ. ಅವರು ಊಹಿಸಿದರು, ಊಹೆಯು ನಿಜವಾಗಿರಲೂಬಹುದಿತ್ತು. ಆದರೆ ಊಹೆಗೆ ತೆರಬೇಕಾಗಿದ್ದ ಬೆಲೆ ಒಂದು ಕುಟುಂಬದ ಬೆಳೆಯ ಹಣ. ಇಂಥ ಕಡೆ ಭೌತಶಾಸ್ತ್ರವನ್ನು ಓದಿದವನು ಮಾಡತಕ್ಕದ್ದೇನು? ಅಳೆಯತಕ್ಕದ್ದು. ಈ ಲೇಖನದಲ್ಲಿ ನಾವು ಹೇಳಬಯಸುವುದೂ ಇಷ್ಟೆ.

ಮೊದಲು, ತೊದಲುವುದೆಂದರೆ ಏನೆಂಬುದನ್ನು ಗೊತ್ತುಮಾಡಿಕೊಳ್ಳೋಣ. ಪರದೆಯ ಮೇಲೆ ಕಾಣುವ ಚಲನೆಯು ನಿಜವಾಗಿ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳ ಸಾಲು. ಇಂಥ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 60 ಬಾರಿ ಹೊಸದಾಗುವ ಪರದೆಯಲ್ಲಿ ಒಂದು ಫ್ರೇಮಿಗೆ ಸಲ್ಲುವ ಕಾಲ 16.7 ಮಿಲಿಸೆಕೆಂಡು. ಈಗ ಒಂದು ಲೆಕ್ಕ ಮಾಡಿ. ಒಂದು ಸೆಕೆಂಡಿನಲ್ಲಿ 59 ಫ್ರೇಮುಗಳು ತಲಾ 15 ಮಿಲಿಸೆಕೆಂಡಿನಂತೆ ಬಂದು, ಉಳಿದ ಒಂದು ಫ್ರೇಮು ಮಾತ್ರ 115 ಮಿಲಿಸೆಕೆಂಡು ತೆಗೆದುಕೊಂಡಿತೆನ್ನಿ. ಮೊತ್ತ ಸರಿಯಾಗಿ 1,000 ಮಿಲಿಸೆಕೆಂಡು; ಸರಾಸರಿ ಸೆಕೆಂಡಿಗೆ 60 ಫ್ರೇಮು. ಪರದೆಯ ಮೂಲೆಯ ಅಂಕಿ 60 ಎಂದೇ ತೋರಿಸುವುದು. ಆದರೆ ಆ ಒಂದು ಫ್ರೇಮಿಗಾಗಿ ಕಾಯುವಾಗ ಪರದೆಯು ಏಳು ಫ್ರೇಮುಗಳಷ್ಟು ಕಾಲ ಮರಗಟ್ಟಿದಂತೆ ನಿಂತಿರುತ್ತದೆ. ಕಣ್ಣು ಅದನ್ನು ಕ್ಷಮಿಸದು. ಗ್ರಾಫಿಕ್ಸ್ ಕಾರ್ಡುಗಳ ಪರೀಕ್ಷಕರು ಕೂಡ ಬಹುಕಾಲ ಈ ಸರಾಸರಿಯನ್ನೇ ನೆಚ್ಚಿಕೊಂಡಿದ್ದರು. 2011ರಲ್ಲಿ ಟೆಕ್ ರಿಪೋರ್ಟ್ ಪತ್ರಿಕೆಯ ಸ್ಕಾಟ್ ವಾಸನ್ ಅವರು ಒಂದೊಂದು ಫ್ರೇಮಿನ ಕಾಲವನ್ನೂ ಬೇರೆಬೇರೆಯಾಗಿ ಗುರುತಿಸಿ ಪ್ರಕಟಿಸಿದ ಮೇಲೆ ಈ ಕ್ಷೇತ್ರದ ಪದ್ಧತಿಯೇ ಬದಲಾಯಿತು. ಇಂದು ಪ್ರೆಸೆಂಟ್‌ಮಾನ್, ಕ್ಯಾಪ್‌ಫ್ರೇಮ್‌ಎಕ್ಸ್ ಮೊದಲಾದ ತಂತ್ರಾಂಶಗಳು ಯಾರಿಗಾದರೂ ಉಚಿತವಾಗಿ ದೊರೆಯುತ್ತವೆ. ಅವು ಪ್ರತಿ ಫ್ರೇಮಿನ ಕಾಲವನ್ನೂ ಬರೆದಿಡುತ್ತವೆ.

ಎರಡನೆಯದಾಗಿ, ಅಡಚಣೆಯೆಂದರೆ ಏನು? ಒಂದು ಫ್ರೇಮು ಸಿದ್ಧವಾಗಲು ಮುಖ್ಯವಾಗಿ ಇಬ್ಬರು ದುಡಿಯಬೇಕು. ಯಾರು ಎಲ್ಲಿರಬೇಕು, ಯಾವುದು ಯಾವುದಕ್ಕೆ ತಗಲಿತು ಎಂಬ ಲೆಕ್ಕವನ್ನು ಪ್ರೊಸೆಸರ್ ಮಾಡಿ ಕೊಡುತ್ತದೆ. ಗ್ರಾಫಿಕ್ಸ್ ಕಾರ್ಡ್ ಆ ಲೆಕ್ಕದಂತೆ ಚಿತ್ರ ಬರೆಯುತ್ತದೆ. ಕಾರ್ಡ್ ಒಂದು ಚಿತ್ರವನ್ನು ಬರೆಯುತ್ತಿರುವಾಗಲೇ ಪ್ರೊಸೆಸರ್ ಮುಂದಿನದರ ಲೆಕ್ಕಕ್ಕೆ ತೊಡಗಿರುತ್ತದೆ. ಪ್ರೊಸೆಸರಿಗೆ 20 ಮಿಲಿಸೆಕೆಂಡೂ ಕಾರ್ಡಿಗೆ 10 ಮಿಲಿಸೆಕೆಂಡೂ ಬೇಕಾದರೆ ಸೆಕೆಂಡಿಗೆ 50 ಫ್ರೇಮು ಹೊರಬರುತ್ತವೆ. ಈಗ 30,000 ರೂಪಾಯಿ ಕೊಟ್ಟು ಇಮ್ಮಡಿ ವೇಗದ ಕಾರ್ಡನ್ನು ತಂದಿರೆನ್ನಿ. ಅದು 5 ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಸಿ, 15 ಮಿಲಿಸೆಕೆಂಡು ಕೈಕಟ್ಟಿ ಕುಳಿತಿರುವುದು. ಫ್ರೇಮುಗಳು ಅದೇ 50! ಬೆಳೆಯ ಇಳುವರಿಯನ್ನು ನಿರ್ಣಯಿಸುವುದು ಹೇರಳವಾಗಿರುವ ಪೋಷಕವಲ್ಲ, ಅತ್ಯಂತ ಕೊರತೆಯಾಗಿರುವ ಪೋಷಕ ಎಂದು ಜರ್ಮನಿಯ ರಸಾಯನವಿಜ್ಞಾನಿ ಲೀಬಿಗ್ 19ನೆಯ ಶತಮಾನದಲ್ಲಿ ಪ್ರಚಾರಮಾಡಿದ ನಿಯಮವೂ ಇಂಥದೇ. ನೀರಿಲ್ಲದ ಹೊಲಕ್ಕೆ ಗೊಬ್ಬರ ಸುರಿದು ಫಲವೇನು? ಇದನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಕೊರತೆ ಎಲ್ಲಿದೆಯೆಂದು ತಿಳಿಯುವುದು ಹೇಗೆ? ಇದಕ್ಕೆ ಕಾಸಿಲ್ಲದ ಒಂದು ಪ್ರಯೋಗವುಂಟು. ಗೇಮಿನ ಚಿತ್ರದ ಅಳತೆಯನ್ನು 1920×1080 ಬಿಂದುಗಳಿಂದ 1280×720ಕ್ಕೆ ಇಳಿಸಿ, ಅದೇ ದೃಶ್ಯವನ್ನು ಮತ್ತೆ ಆಡಿ. ಬಿಂದುಗಳ ಸಂಖ್ಯೆ 20,73,600ರಿಂದ 9,21,600ಕ್ಕೆ ಇಳಿದು, ಕಾರ್ಡಿನ ಹೊರೆಯು ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಪ್ರೊಸೆಸರಿನ ಹೊರೆ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಫ್ರೇಮುಗಳು ಹೆಚ್ಚಿದರೆ ಅಡಚಣೆ ಕಾರ್ಡಿನಲ್ಲಿತ್ತೆಂದು ತಿಳಿಯಬೇಕು. ಹೆಚ್ಚದಿದ್ದರೆ ಕಾರ್ಡ್ ನಿರಪರಾಧಿ.

ನಮ್ಮ ವಿದ್ಯಾರ್ಥಿಯ ಯಂತ್ರದಲ್ಲಿ ಫ್ರೇಮುಗಳು ಹೆಚ್ಚಲಿಲ್ಲ. ತೊದಲೂ ನಿಲ್ಲಲಿಲ್ಲ.

"ಆದರೆ ಪ್ರೊಸೆಸರ್ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ದುಡಿಯುತ್ತಿದೆ ಎಂದು ತೋರಿಸುತ್ತಿದೆಯಲ್ಲ?" ಎಂದು ಅವನು ಕೇಳಿದನು. ಪ್ರಶ್ನೆ ಒಳ್ಳೆಯದು. ಇಲ್ಲಿಯೂ ಸರಾಸರಿಯದೇ ಮೋಸ. ಅವನ ಪ್ರೊಸೆಸರಿನಲ್ಲಿ ನಾಲ್ಕು ಕೋರುಗಳು. ಗೇಮಿನ ಮುಖ್ಯ ಲೆಕ್ಕವೆಲ್ಲ ಒಂದೇ ಕೋರಿನ ಮೇಲೆ ಬಿದ್ದು, ಅದು ಪೂರ್ಣವಾಗಿ ದುಡಿಯುತ್ತಿದ್ದು, ಉಳಿದ ಮೂರು ಸುಮ್ಮನಿದ್ದರೆ ಒಟ್ಟು ಅಂಕಿ ಶೇಕಡ 25 ಎಂದೇ ಕಾಣುವುದು. ನಾಲ್ವರಿರುವ ಮನೆಯಲ್ಲಿ ಒಬ್ಬನೇ ದುಡಿದು ಬಸವಳಿದಿರುವಾಗ, ಈ ಮನೆಯವರು ಕಾಲುಭಾಗ ಮಾತ್ರ ದುಡಿಯುತ್ತಾರೆಂದು ಹೇಳಿದಂತೆ! ಆದುದರಿಂದ ಕೋರುಗಳನ್ನು ಒಂದೊಂದಾಗಿಯೇ ನೋಡಬೇಕು.

ಇನ್ನು ಮುಂದಿನ ಸುಳಿವನ್ನು ಕೊಡುವುದು ಕಾಲ. ತೊದಲು ಯಾವಾಗ ಬರುತ್ತದೆಂಬುದು, ಅದು ಏಕೆ ಬರುತ್ತದೆಂಬುದನ್ನು ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಒಂದು ಜಾಗಕ್ಕೆ ಮೊದಲ ಬಾರಿ ಹೋದಾಗ ತೊದಲಿ, ಎರಡನೆಯ ಬಾರಿ ಸರಾಗವಾದರೆ, ಕಾರ್ಡಿಗೆ ಬೇಕಾದ ಶೇಡರ್ ಎಂಬ ಕಿರು ಪ್ರೋಗ್ರಾಮುಗಳು ಆಗತಾನೆ ಸಿದ್ಧವಾಗುತ್ತಿವೆಯೆಂದು ಊಹಿಸಬಹುದು. ಅದಕ್ಕೆ ಹೊಸ ಯಂತ್ರಭಾಗವೇನೂ ಮದ್ದಲ್ಲ. ಹೊಸ ಪ್ರದೇಶಗಳಿಗೆ ಹೋದಾಗಲೆಲ್ಲ ತೊದಲಿದರೆ ಹಾರ್ಡ್ ಡಿಸ್ಕನ್ನು ಸಂದೇಹಿಸಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ತಟ್ಟೆಗೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡು ಬೇಕು. ಬೇಕಾದ ಮಾಹಿತಿಯು ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು. ಮುಳ್ಳು ಸರಿಯುವ ಕಾಲ ಬೇರೆ. ಇಂಥ ಎರಡು ಮೂರು ಓದುಗಳಲ್ಲೇ ಒಂದು ಫ್ರೇಮಿನ ಕಾಲವೆಲ್ಲ ಮುಗಿದುಹೋಗುವುದು. ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿಗೆ ಈ ಕಷ್ಟವಿಲ್ಲ. ಮೆಮೊರಿಯ ಮಾತಿಗೆ ಬಂದರೆ, ಡಿಡಿಆರ್4-3200 ಜಾತಿಯ ಒಂದು ಪಟ್ಟಿಯಿಂದ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಹರಿಯಬಲ್ಲದು; ಎರಡು ಪಟ್ಟಿಗಳನ್ನು ಎರಡು ಹಾದಿಗಳಲ್ಲಿ ಕೂರಿಸಿದರೆ 51.2. ಒಂದೇ ಪಟ್ಟಿ ಹಾಕಿದ ಯಂತ್ರವು ಅರ್ಧ ರಸ್ತೆಯನ್ನು ಮುಚ್ಚಿದಂತೆ.

ಇತರರೊಡನೆ ಅಂತರಜಾಲದ ಮೂಲಕ ಆಡುವಾಗ ಮಾತ್ರ ತೊಂದರೆಯಾಗುತ್ತಿದ್ದರೆ ಅದು ತೊದಲಲ್ಲ, ವಿಳಂಬ. ಚಾಮರಾಜನಗರದಿಂದ ಮುಂಬಯಿಗೆ ನೇರ ದೂರ ಸುಮಾರು 900 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಹೋಗಿಬರಲು 9 ಮಿಲಿಸೆಕೆಂಡಾದರೂ ಬೇಕೇ ಬೇಕು. ಯಾವ ಕಾರ್ಡನ್ನು ಕೊಂಡರೂ ಈ ಕಾಲವು ಇಳಿಯದು.

ನಮ್ಮ ಪ್ರಕರಣದಲ್ಲಿ ಕಾಲವು ಬೇರೆಯೇ ಕಥೆಯನ್ನು ಹೇಳಿತು. ಯಂತ್ರವನ್ನು ಹಚ್ಚಿದ ಮೊದಲ ಹತ್ತು ಹನ್ನೆರಡು ನಿಮಿಷ ಎಲ್ಲವೂ ಸರಾಗ, ಆಮೇಲೆ ತೊದಲು. ಅರ್ಧ ಗಂಟೆ ಆರಿಸಿಟ್ಟು ಹಚ್ಚಿದರೆ ಮತ್ತೆ ಹತ್ತು ನಿಮಿಷ ನೆಮ್ಮದಿ. ವಾಚಕರು ಈಗಾಗಲೇ ಊಹಿಸಿರಬಹುದು: ಉಷ್ಣ. ತಾಪವನ್ನೂ ಆವೃತ್ತಿಯನ್ನೂ ಫ್ರೇಮಿನ ಕಾಲವನ್ನೂ ಒಂದೇ ಹಾಳೆಯ ಮೇಲೆ ನಕ್ಷೆ ಬರೆಯಿಸಿದೆವು. ಪ್ರೊಸೆಸರಿನ ತಾಪ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತಲೇ ಅದು ತನ್ನನ್ನು ಕಾಪಾಡಿಕೊಳ್ಳಲು ಆವೃತ್ತಿಯನ್ನು ಇಳಿಸುತ್ತಿತ್ತು. ವ್ಯಯವಾಗುವ ಶಕ್ತಿಯು ಆವೃತ್ತಿಗೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುವುದರಿಂದ ಎರಡೂ ಇಳಿದೊಡನೆ ಉಷ್ಣವು ಬೇಗ ತಗ್ಗುತ್ತದೆ, ತಣಿದೊಡನೆ ಆವೃತ್ತಿಯು ಮತ್ತೆ ಏರುತ್ತದೆ, ಮತ್ತೆ ಕಾಯುತ್ತದೆ. ಬಲ ಕೂಡಿ ಕೂಡಿ ಒಮ್ಮೆಗೇ ಜಗ್ಗಿ ನಿಲ್ಲುವ ನಮ್ಮ ತೇರಿನ ಹಾಗೆಯೇ ಇದೂ ಒಂದು ಬಗೆಯ ಆಂದೋಲನ.

ಪೆಟ್ಟಿಗೆ ತೆರೆದಾಗ ಕಂಡದ್ದು ಎರಡು ಬೇಸಗೆಗಳ ಧೂಳು. ಲೋಹದ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಹೆಣೆದುಕೊಂಡಿತ್ತು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಹಚ್ಚುವ ಉಷ್ಣವಾಹಕ ಲೇಪ ಒಣಗಿ ಬಿರಿದಿತ್ತು. ಒಂದು ಬಣ್ಣದ ಕುಂಚ, ಒಂದು ಕೊಳವೆ ಹೊಸ ಲೇಪ, ಒಂದು ಭಾನುವಾರದ ಬೆಳಗು: ಖರ್ಚು 300 ರೂಪಾಯಿಯನ್ನು ಮೀರಲಿಲ್ಲ. ಸರಾಸರಿ ಅಂಕಿಯೇನೂ ಹೆಚ್ಚಾಗಿ ಬದಲಾಗಲಿಲ್ಲ. ತೊದಲು ಮಾತ್ರ ನಿಂತಿತು. ಇದನ್ನು ಅನುಸರಿಸುವವರಿಗೆ ಒಂದು ಎಚ್ಚರಿಕೆ: ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆಯೇ ಪೆಟ್ಟಿಗೆಗೆ ಕೈಹಾಕಬೇಕು, ವಿದ್ಯುತ್ ಸರಬರಾಜಿನ ಒಳಪೆಟ್ಟಿಗೆಯನ್ನಂತೂ ಎಂದೂ ಬಿಚ್ಚಬಾರದು. ಅದರ ಕೆಪಾಸಿಟರುಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ಅಳೆದರೆ ಯಾವಾಗಲೂ ಹಣ ಉಳಿಯುವುದೆಂದು ನಾವು ಭರವಸೆ ಕೊಡಲಾರೆವು. ಕೆಲವು ಯಂತ್ರಗಳಲ್ಲಿ ಕಾರ್ಡೇ ನಿಜವಾಗಿ ಹಳತಾಗಿರುತ್ತದೆ. ಆಗ ಅಳತೆಯೇ ಅದನ್ನೂ ಹೇಳುವುದು, ಕೊಳ್ಳುವವನು ತಿಳಿದು ಕೊಳ್ಳುವನು. ಎರಡು ನಿಯಮಗಳನ್ನು ಮಾತ್ರ ಮೀರಬಾರದು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಲೇಪವನ್ನೂ ಮೆಮೊರಿಯನ್ನೂ ಒಟ್ಟಿಗೆ ಬದಲಿಸಿದವನಿಗೆ ಗುಣವಾದದ್ದು ಯಾವುದರಿಂದ ಎಂಬುದು ಗೊತ್ತಾಗುವುದಿಲ್ಲ. ಅದೇ ದೃಶ್ಯವನ್ನು ಮೂರು ಬಾರಿಯಾದರೂ ಅಳೆಯಬೇಕು. ಒಮ್ಮೆ ಕಂಡದ್ದು ಆಕಸ್ಮಿಕವಿರಬಹುದು.

ಗೇಮ್ ಆಡುವ ಹುಡುಗರಿಗೆ ಅಧ್ಯಾಪಕರು ಹೀಗೆ ಒತ್ತಾಸೆಯಾಗಬಹುದೇ ಎಂದು ಹಿರಿಯರು ಆಕ್ಷೇಪಿಸಬಹುದು. ಹೊತ್ತು ಮೀರಿ ಆಡುವುದನ್ನು ನಾವೂ ಮೆಚ್ಚುವುದಿಲ್ಲ. ಆದರೆ ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದೇನು? ಲೋಲಕವನ್ನು ತೂಗಿಸಿ ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿಯುತ್ತಾರೆ. ಉತ್ತರ 9.8 ಎಂದು ಮೊದಲೇ ಗೊತ್ತು, 9.6 ಬಂದರೆ ಅಳತೆಯನ್ನು ತಿದ್ದಿ ಬರೆಯುವವರೂ ಉಂಟು. ಉತ್ತರ ಯಾರಿಗೂ ಗೊತ್ತಿಲ್ಲದ, ತಪ್ಪಿದರೆ ಮನೆಯ ಹಣ ಹೋಗುವ ಒಂದು ಪ್ರಶ್ನೆ ವಿದ್ಯಾರ್ಥಿಯ ಕೈಗೆ ಸಿಕ್ಕಾಗ, ಅದನ್ನು ಗೇಮಿನ ಪ್ರಶ್ನೆಯೆಂದು ತಳ್ಳಿಬಿಡುವುದು ವಿವೇಕವಲ್ಲ. ಪದವಿ ತರಗತಿಗಳಲ್ಲಿ ವರ್ಷಕ್ಕೆ ಒಂದಾದರೂ ಪ್ರಯೋಗವು ವಿದ್ಯಾರ್ಥಿಯ ಮನೆಯ ಕೆಟ್ಟ ವಸ್ತುವನ್ನು ಕುರಿತದ್ದಾಗಿರಲಿ ಎಂಬುದು ನಮ್ಮ ಅಭಿಪ್ರಾಯ. ಅದು ಕಂಪ್ಯೂಟರೇ ಆಗಬೇಕಾಗಿಲ್ಲ; ನೀರೆತ್ತದ ಪಂಪ್ ಆದರೂ ಸರಿ.

ಆ ವಿದ್ಯಾರ್ಥಿಯು ಈಗ ತನ್ನ ಯಂತ್ರಕ್ಕೆ ಒಂದು ನೋಟ್‌ಬುಕ್ ಇಟ್ಟಿದ್ದಾನೆ. ತಿಂಗಳಿಗೊಮ್ಮೆ ತಾಪವನ್ನೂ ಫ್ರೇಮಿನ ಕಾಲವನ್ನೂ ಬರೆದಿಡುತ್ತಾನೆ. ಅರಿಸಿನದ ಹಣದ ಮಾತನ್ನು ಮನೆಯಲ್ಲಿ ಎತ್ತಲೇ ಇಲ್ಲವೆಂದು ಕಳೆದ ವಾರ ಹೇಳಿದನು. ನಮ್ಮ ತರುಣ ವಾಚಕರಲ್ಲಿ ಯಾರಾದರೂ ಹೊಸ ಕಾರ್ಡಿಗೆ ಹಣ ಕೇಳಲು ಹೊರಟಿದ್ದರೆ, ಮೊದಲು ಒಂದು ಭಾನುವಾರ ಅಳೆದು ನೋಡಲಿ.