ಹಿಂದಕ್ಕೆ ಬರುವ ಕಾರಿನ ಬಿಳಿ ದೀಪ

ಕಾರಿನ ಹಿಂಬದಿಯ ಒಂದು ಬಲ್ಬಿನ ವಿಚಾರ ಪತ್ರಿಕೆಯಲ್ಲಿ ಬರೆಯತಕ್ಕದ್ದೇ ಎಂದು ಓದುಗರು ಹುಬ್ಬೇರಿಸಬಹುದು. ಕಳೆದ ಮಳೆಗಾಲದವರೆಗೆ ನಾವೂ ಹಾಗೆಯೇ ಎಣಿಸಿದ್ದೆವು.

ಶ್ರಾವಣದ ಒಂದು ಸಂಜೆ, ಏಳು ಗಂಟೆಯ ಹೊತ್ತು. ಮಳೆ ನಿಂತಿದ್ದರೂ ತೆಂಗಿನ ಗರಿಯಿಂದ ಹನಿ ಬೀಳುತ್ತಲೇ ಇತ್ತು. ಬಂಧುಗಳ ಮನೆಯ ಪೂಜೆಗೆ ಹೊರಟಿದ್ದೆವು, ಹೊತ್ತು ಮೀರಿತ್ತು. ನಮ್ಮ ಅಂಗಳದಿಂದ ರಸ್ತೆಗೆ ಇಳಿಯಬೇಕಾದರೆ ಎರಡು ಮುರಕಲ್ಲಿನ ಗೋಡೆಗಳ ನಡುವೆ ಕಾರನ್ನು ಹಿಂದಕ್ಕೇ ತೆಗೆಯಬೇಕು, ತಿರುಗಿಸಲು ಜಾಗವಿಲ್ಲ. ಗೇರು ಹಾಕಿ ಕ್ಲಚ್ಚು ಬಿಡುವಷ್ಟರಲ್ಲಿ ಜಗಲಿಯಿಂದ ನಮ್ಮ ತಾಯಿಯವರು "ನಿಲ್ಲಿಸು, ನಿಲ್ಲಿಸು" ಎಂದು ಕೂಗಿದರು. ಇಳಿದು ನೋಡಿದರೆ ನೆರೆಮನೆಯ ಮೂರು ವರ್ಷದ ಮಗು ಬಲಗಡೆಯ ಹಿಂದಿನ ಚಕ್ರದಿಂದ ಎರಡು ಮೊಳ ದೂರದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಹಲಸಿನ ಎಲೆಯನ್ನು ನೀರಿನಲ್ಲಿ ತೇಲಿಬಿಡುತ್ತಿತ್ತು. ನಮ್ಮತ್ತ ತಿರುಗಿ ನಕ್ಕಿತು ಕೂಡ. ಅಂದು ಪೂಜೆಗೆ ಹೋಗುವ ಮನಸ್ಸಾಗಲಿಲ್ಲ.

ಕಾರಿನ ಎರಡು ರಿವರ್ಸ್ ಲೈಟುಗಳೂ ಉರಿಯುತ್ತಿರಲಿಲ್ಲ. ಎಂದಿನಿಂದ ಎಂಬುದು ನಮಗೇ ತಿಳಿಯದು. ನಾಚಿಕೆಪಡಬೇಕಾದ ಸಂಗತಿ ಅದೇ. ಮುಂದಿನ ದೀಪ ಕೆಟ್ಟರೆ ಆ ರಾತ್ರಿಯೇ ಗೊತ್ತಾಗುತ್ತದೆ. ಹಿಂದಿನದು ಕೆಟ್ಟರೆ ಓಡಿಸುವವನ ಹೊರತು ಊರಿಗೆಲ್ಲ ಗೊತ್ತಾಗುತ್ತದೆ, ಆದರೆ ಯಾರೂ ಹೇಳುವುದಿಲ್ಲ. 2022ರಲ್ಲಿ ಕಾರಿಗೆ 15 ವರ್ಷ ತುಂಬಿ ನೋಂದಣಿ ನವೀಕರಿಸುವಾಗ ಎಲ್ಲ ದೀಪಗಳೂ ಉರಿದಿದ್ದವು. ಆ ಮೇಲೆ ನಾವು ಅತ್ತ ತಲೆಹಾಕಲಿಲ್ಲ. ಪರೀಕ್ಷೆ ಮುಗಿದ ದಿನವೇ ಪುಸ್ತಕವನ್ನು ಅಟ್ಟಕ್ಕೆಸೆಯುವ ಮಕ್ಕಳನ್ನು ತರಗತಿಯಲ್ಲಿ ಬೈಯುವವರು ನಾವೇ!

ರಿವರ್ಸ್ ಲೈಟು ಅಲಂಕಾರದ ಸಾಮಾನಲ್ಲ. ಅದಕ್ಕೆ ಎರಡು ಕೆಲಸವುಂಟು. ಹಿಂದೆ ಏನಿದೆ ಎಂದು ಓಡಿಸುವವನಿಗೆ ತೋರಿಸುವುದು ಒಂದು. ಈ ಗಾಡಿ ಹಿಂದಕ್ಕೆ ಬರುತ್ತಿದೆ ಎಂದು ಹಿಂದಿರುವವರಿಗೆ ತಿಳಿಸುವುದು ಇನ್ನೊಂದು. 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಹಿಂಬದಿಯಲ್ಲಿ ಸೆನ್ಸರ್ ಕಡ್ಡಾಯವಾಗಿದೆ. ಅಡ್ಡ ಏನಾದರೂ ಇದ್ದರೆ ಅದು ಕೂಗಿ ಹೇಳುತ್ತದೆ. ಆದರೆ ನಮ್ಮ ಕಡೆಯ ಮನೆಗಳಲ್ಲಿ ಹೊಸ ಕಾರುಗಳೆಷ್ಟು? ಮಾರುತಿ 800 ಮತ್ತು ಅಂಬಾಸಡರ್ ಎರಡರ ತಯಾರಿಯೂ 2014ರಲ್ಲಿ ನಿಂತಿತು. ಈಗಲೂ ಅಡಿಕೆ ಮೂಟೆಯಿಂದ ಹಿಡಿದು ಬಾಣಂತಿಯವರೆಗೆ ಎಲ್ಲವನ್ನೂ ಹೊತ್ತು ಓಡಾಡುವ ಅಂಥ ಹಳೆಯ ಗಾಡಿಗಳು ಕಾಣಸಿಗುತ್ತವೆ. ಅವುಗಳಿಗೆ ಇರುವುದು ಈ ಬಿಳಿ ದೀಪವೊಂದೇ. ಪೇಟೆಯಲ್ಲಿ ಕ್ಯಾಮರಾ ಕೂಡಿಸಿಕೊಂಡವರೂ ಒಂದು ಮಾತು ತಿಳಿದಿರಬೇಕು: ಅದಕ್ಕೆ ಸಾಮಾನ್ಯವಾಗಿ ವಿದ್ಯುತ್ತು ಎಳೆಯುವುದು ಈ ರಿವರ್ಸ್ ಲೈಟಿನ ತಂತಿಯಿಂದಲೇ. ತಂತಿ ಸತ್ತರೆ ಎರಡೂ ಒಟ್ಟಿಗೆ ಸಾಯುತ್ತವೆ.

ಮರುದಿನ ಗ್ಯಾರೇಜಿಗೆ ಹೋದೆವು. ಹುಡುಗ ಬಾನೆಟ್ಟನ್ನು ಎತ್ತಲೂ ಇಲ್ಲ. "ಹಳೇ ವಂಡಿ ಅಲ್ವಾ ಮಾಷೇ, ಹಿಂದಿನ ವೈರಿಂಗ್ ಪೂರಾ ಬದಲಿಸಬೇಕು" ಎಂದು ಹೇಳಿ, ನಮ್ಮ ತಿಂಗಳ ಕಿರಾಣಿ ಲೆಕ್ಕವನ್ನು ಮೀರಿಸುವ ಮೊತ್ತವೊಂದನ್ನು ಕೇಳಿದ. ಆದಿತ್ಯವಾರ ಕಳೆಯಲಿ ಎಂದು ಹಿಂದಿರುಗಿದೆವು. ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ನೋಡದೆ ಹೇಳುವುದು ಅವನೊಬ್ಬನ ಚಾಳಿಯಲ್ಲ.

ಹತ್ತನೆಯ ತರಗತಿಯಲ್ಲಿ ಓದುವ ಮಗಳನ್ನು ಕೂಡಿಸಿಕೊಂಡು ಆದಿತ್ಯವಾರ ಕೆಲಸಕ್ಕಿಳಿದೆವು. ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡದೆ ಕೀಲಿ ಮಾತ್ರ ತಿರುಗಿಸಿ ರಿವರ್ಸ್ ಗೇರು ಹಾಕಿದೆವು. ಕೀಲಿ ತಿರುಗಿಸದೆ ಈ ದೀಪ ಉರಿಯದು. ಇದನ್ನರಿಯದೆ ಸರಿಯಿರುವ ಬಲ್ಬನ್ನು ಬಿಸಾಡಿದವರಿದ್ದಾರೆ.

ವಿದ್ಯುತ್ತಿನ ದಾರಿ ಸರಳವಾದದ್ದು. ಬ್ಯಾಟರಿಯಿಂದ ಕೀಲಿಗೆ, ಅಲ್ಲಿಂದ ಫ್ಯೂಸಿಗೆ, ಫ್ಯೂಸಿನಿಂದ ಗೇರುಪೆಟ್ಟಿಗೆಯ ಮೇಲಿರುವ ಒಂದು ಸಣ್ಣ ಸ್ವಿಚ್ಚಿಗೆ. ರಿವರ್ಸ್ ಗೇರು ಬಿದ್ದಾಗ ಮಾತ್ರ ಆ ಸ್ವಿಚ್ಚು ಕೂಡಿಕೊಳ್ಳುತ್ತದೆ. ಅಲ್ಲಿಂದ ಹಿಂದಿನ ಎರಡು ಬಲ್ಬುಗಳಿಗೆ, ಬಲ್ಬಿನಿಂದ ಕಾರಿನ ತಗಡಿಗೆ, ಅಂದರೆ ಅರ್ತಿಗೆ. ಬಲ್ಬುಗಳೆರಡೂ ಸಮಾಂತರ ಜೋಡಣೆಯಲ್ಲಿರುವುದರಿಂದ ಒಂದು ಸುಟ್ಟರೂ ಮತ್ತೊಂದು ಉರಿಯಬೇಕು. "ಎರಡೂ ಒಟ್ಟಿಗೆ ಕೆಟ್ಟಿದ್ದರೆ ತಪ್ಪು ಎರಡಕ್ಕೂ ಸೇರಿದ ದಾರಿಯಲ್ಲಿರಬೇಕಲ್ಲ ಅಪ್ಪಾ?" ಎಂದಳು ಮಗಳು. ವರ್ಷವಿಡೀ ಕರಿಹಲಗೆಯ ಮೇಲೆ ಬರೆದದ್ದು ಎಲ್ಲಿಯೋ ನಾಟಿದೆ ಎಂದು ಸಂತೋಷವಾಯಿತು.

ಆದರೂ ಮೊದಲು ಬಲ್ಬನ್ನೇ ನೋಡಿದೆವು, ಯಾಕೆಂದರೆ ಮೊದಲನೆಯದು ಎಂದೋ ಸುಟ್ಟು, ನಾವು ಗಮನಿಸದಿದ್ದಾಗ ಎರಡನೆಯದೂ ಸುಟ್ಟಿರಬಹುದು. ಬ್ಯಾಟರಿಗೆ ಹಿಡಿದಾಗ ಎರಡೂ ಉರಿದವು. ಇದು 12 ವೋಲ್ಟ್, 21 ವಾಟಿನ ಒಂಟಿ ತಂತುವಿನ ಬಲ್ಬು. ಅಂಗಡಿಯಲ್ಲಿ ಬ್ರೇಕ್ ಲೈಟಿನ ಜೋಡಿ ತಂತುವಿನ ಬಲ್ಬನ್ನು ಕೊಟ್ಟುಬಿಡುವುದುಂಟು. ಅದರ ಬುಡದಲ್ಲಿ ಎರಡು ಚುಕ್ಕೆಗಳಿರುತ್ತವೆ, ಇದರದ್ದು ಒಂದೇ. ಒತ್ತಿ ಕೂರಿಸಹೋದರೆ ಹೋಲ್ಡರ್ ಹಾಳಾಗುತ್ತದೆ.

ಫ್ಯೂಸನ್ನು ನೋಡಬೇಕಾಗಿಯೇ ಬರಲಿಲ್ಲ. ನಮ್ಮ ಕಾರಿನಲ್ಲಿ ಇಂಡಿಕೇಟರಿಗೂ ಅದೇ ಫ್ಯೂಸು, ಇಂಡಿಕೇಟರು ಮಿನುಗುತ್ತಿತ್ತು. ಎಲ್ಲ ಕಾರುಗಳಲ್ಲೂ ಹೀಗಿರುವುದಿಲ್ಲ, ಪೆಟ್ಟಿಗೆಯ ಮುಚ್ಚಳದಲ್ಲಿ ಬರೆದಿರುವುದನ್ನು ಓದಬೇಕು. ಫ್ಯೂಸು ಸುಟ್ಟಿದ್ದರೆ ಅಷ್ಟೇ ಬಲದ್ದನ್ನು ಹಾಕತಕ್ಕದ್ದು. ಸಿಗರೇಟು ಪೆಟ್ಟಿಗೆಯ ಬೇಗಡೆ ಸುತ್ತಿ ಓಡಿಸುವ ಜಾಣರಿದ್ದಾರಷ್ಟೆ; ಆಗ ಫ್ಯೂಸಿನ ಬದಲು ಸುಡುವುದು ತಂತಿ, ಕೆಲವೊಮ್ಮೆ ಕಾರು.

ಇನ್ನುಳಿದದ್ದು ಸ್ವಿಚ್ಚು. ಗೇರುಪೆಟ್ಟಿಗೆಯ ಬದಿಯಲ್ಲಿ ಅದರ ಪ್ಲಗ್ಗನ್ನು ಕಳಚಿದರೆ ಒಳಗೆ ಕೆಂಪು ಕೆಸರು. ಒರಸಿ ಮತ್ತೆ ಹಾಕಿದೆವು, ಉರಿಯಲಿಲ್ಲ. ಪ್ಲಗ್ಗಿನ ಎರಡು ತಂತಿಗಳನ್ನು ಒಂದು ತುಂಡು ತಂತಿಯಿಂದ ಕೂಡಿಸಿದಾಗ ಹಿಂದಿನ ಗೋಡೆಯ ಮೇಲೆ ಬೆಳಕು ಬಿತ್ತು. ಸ್ವಿಚ್ಚೇ ಸತ್ತಿತ್ತು. ಕಾರಿನ ಹಿಂದಿನ ವೈರಿಂಗಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ! ಹೊಸ ಸ್ವಿಚ್ಚು ತಂದು, ಹೊಸ ವಾಶರ್ ಸಮೇತ ತಿರುಗಿಸಿದೆವು. ಹಳೆಯದನ್ನು ಬಿಚ್ಚುವಾಗ ಗೇರು ಎಣ್ಣೆ ತೊಟ್ಟಿಕ್ಕಬಹುದು. ಕೆಳಗೆ ಗೆರಟೆಯೊಂದನ್ನು ಇಟ್ಟುಕೊಂಡಿದ್ದು ಒಳ್ಳೆಯದಾಯಿತು. ಗ್ಯಾರೇಜಿನವನು ಕೇಳಿದ್ದರ ಹತ್ತನೆಯ ಒಂದು ಪಾಲೂ ಖರ್ಚಾಗಲಿಲ್ಲ.

ಕೆಲಸ ಮುಗಿಯಿತೆಂದು ಕೈ ತೊಳೆಯಲು ಹೊರಟಾಗ ಮಗಳು ತಡೆದಳು. ಎಡಗಡೆಯ ದೀಪ ಬೆಳ್ಳಗೆ, ಬಲಗಡೆಯದು ಹಳದಿಯಾಗಿ ಮಂಕು. ಬಲ್ಬುಗಳನ್ನು ಅದಲುಬದಲು ಮಾಡಿದರೂ ಬಲಗಡೆಯೇ ಮಂಕು. ಹಾಗಾದರೆ ತಪ್ಪು ಬಲ್ಬಿನದಲ್ಲ, ಅದರ ಅರ್ತಿನದು. ಕಡಲಿನಿಂದ ಬರುವ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ. ಅರ್ತಿನ ತಿರುಪಿನ ಸುತ್ತ ತುಕ್ಕು, ಹೋಲ್ಡರಿನೊಳಗೆ ಹಸಿರು ಕಿಲುಬು. ಮರಳು ಕಾಗದದಿಂದ ಉಜ್ಜಿ ಬಿಗಿದ ಮೇಲೆ ಎರಡೂ ಸಮನಾದವು. ಸ್ವಿಚ್ಚಿನ ದೊಡ್ಡ ತಪ್ಪಿನ ಹಿಂದೆ ಈ ಸಣ್ಣ ತಪ್ಪು ಎಷ್ಟು ಕಾಲದಿಂದ ಅಡಗಿತ್ತೋ! ಅಂದ ಹಾಗೆ ಆ ಮಗು ಕುಳಿತಿದ್ದುದು ಬಲಗಡೆಯಲ್ಲೇ.

ಎಲ್ಲರೂ ಸ್ಪ್ಯಾನರ್ ಹಿಡಿಯಬೇಕೆಂದು ನಾವು ಹೇಳುವುದಿಲ್ಲ. ಆದರೆ ತಿಂಗಳಿಗೊಮ್ಮೆ ರಾತ್ರಿ ಗೋಡೆಗೆ ಹಿಂದು ಮಾಡಿ ನಿಲ್ಲಿಸಿ, ರಿವರ್ಸ್ ಗೇರು ಹಾಕಿ, ಕನ್ನಡಿಯಲ್ಲಿ ನೋಡಲು ಎರಡು ನಿಮಿಷ ಸಾಕು. ಗೋಡೆಯ ಮೇಲೆ ಎರಡು ಬೆಳಕು ಕಾಣಬೇಕು. ಮಕ್ಕಳನ್ನು ಶಾಲೆಗೊಯ್ಯುವ ಜೀಪು, ವ್ಯಾನುಗಳವರಿಗೆ ಇದನ್ನು ಕೇಳುವ ಅಧಿಕಾರ ತಂದೆತಾಯಿಗಳಿಗೆ ಉಂಟು. ಕೇಳಿದರೆ ಅವರು ಬೇಸರಿಸಿಕೊಂಡರೂ ಚಿಂತೆಯಿಲ್ಲ. ನೋಂದಣಿಯ ದಿನಕ್ಕೆಂದು ಗೆಳೆಯನ ಬಲ್ಬು ಕಡ ತಂದು ಸಂಜೆ ಹಿಂತಿರುಗಿಸುವ ಪದ್ಧತಿಯಂತೂ ನಿಲ್ಲಬೇಕು. ಮುಂದಿನ ಕಾರಿನವನಿಂದ ನೋಡಿ ಬರೆದ ಉತ್ತರಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಇಷ್ಟಾದರೂ ದೀಪವನ್ನೇ ನಂಬಿ ಕಾರು ತೆಗೆಯುವಂತಿಲ್ಲ. ಬಿಳಿ ಬೆಳಕಿನ ಅರ್ಥ ಮೂರು ವರ್ಷದ ಮಗುವಿಗೆ ತಿಳಿಯದು, ಬಂಪರಿನ ಬುಡದಲ್ಲಿ ಕುಳಿತದ್ದು ಕನ್ನಡಿಗೆ ಕಾಣದು. ಈಗ ನಾವು ಹೊರಡುವ ಮುನ್ನ ಕಾರಿಗೆ ಒಂದು ಸುತ್ತು ಬರುತ್ತೇವೆ. ತಾಯಿಯವರಿಗೆ ಅದೂ ಸಾಲದು. ಕಾರು ರಸ್ತೆಗಿಳಿಯುವವರೆಗೆ ಜಗಲಿಯ ಕಂಬ ಹಿಡಿದು ನಿಂತೇ ಇರುತ್ತಾರೆ.